ಯರಗಟ್ಟಿಗೆ ಬಂದ ಸುರಕ್ಷತೆ ಲೋಕಾಪುರಕ್ಕೆ ಬರುವುದೆಂದು?

ರಾಯಚೂರಿನಿಂದ ಬಾಚಿಗೆ ಹೋಗುವ ರಾಜ್ಯ ಹೆದ್ದಾರಿ 20 ಬಾಗಲಕೋಟೆ ದಾಟಿ ತುಳಸಿಗೇರಿ, ಕಲಾದಗಿ, ಲೋಕಾಪುರ, ಯರಗಟ್ಟಿ ಹಾಯ್ದು ಬೆಳಗಾವಿ ಮುಟ್ಟುತ್ತದೆ. ಈ ಒಂದೇ ರಸ್ತೆಯ ಎರಡು ಕಡೆ ನಡೆದ ಎರಡು ಸಂಗತಿಗಳನ್ನು ಜೋಡಿಸಿ ನೋಡಬೇಕಾಗಿದೆ.

2018ರ ಮೇ 28ರ ನಸುಕಿನಲ್ಲಿ ತುಳಸಿಗೇರಿ ಹತ್ತಿರ ಕಾರು ಅಪಘಾತವಾಗಿ ಜಮಖಂಡಿ ಶಾಸಕ ಸಿದ್ದು ನ್ಯಾಮಗೌಡರು ತೀರಿಕೊಂಡರು. ಚುನಾವಣೆ ಗೆದ್ದು ಇನ್ನೂ ತಿಂಗಳು ತುಂಬಿರಲಿಲ್ಲ. 1991ರ ಲೋಕಸಭೆ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದವರು ಎಂದು ಹೊರಗಿನವರು ಅವರನ್ನು ನೆನೆಯುತ್ತಾರೆ. ನಮಗೆ ಅವರು ‘ಬ್ಯಾರೇಜ್ ಸಿದ್ದು’. ಸರ್ಕಾರದ ದಾರಿ ಕಾಯದೆ ರೈತರಿಂದಲೇ ಹಣ ಕೂಡಿಸಿ, ರೈತರ ಮೈಬೆವರಿನಿಂದಲೇ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಗಟ್ಟಿಸಿದವರು. ಆ ಬ್ಯಾರೇಜಿಗೆ ಶ್ರಮಬಿಂದು ಸಾಗರ ಎಂದೇ ಹೆಸರು. ನೀರು ನಿಂತಿತು, ಕಬ್ಬು ಹಬ್ಬಿತು, ಕಾರ್ಖಾನೆಗಳು ಎದ್ದವು, ಟ್ರ್ಯಾಕ್ಟರುಗಳು ರಸ್ತೆಗೆ ಬಂದವು.

ಇನ್ನೊಂದು ಸಂಗತಿ ಇದೇ ರಸ್ತೆಯ ಬೆಳಗಾವಿ ಕಡೆಯದು. ವಿಶ್ವಬ್ಯಾಂಕಿನ ಸಾಲದಲ್ಲಿ ನಡೆದ ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣೆ ಯೋಜನೆಯ ಎರಡನೇ ಹಂತದಲ್ಲಿ ಬೆಳಗಾವಿಯಿಂದ ಯರಗಟ್ಟಿಯವರೆಗಿನ 62 ಕಿಲೋಮೀಟರನ್ನು ‘ಸುರಕ್ಷಿತ ಕಾರಿಡಾರ್’ ಮಾಡಿ ತೋರಿಸಿದರು. ಲೋಕೋಪಯೋಗಿ, ಪೊಲೀಸ್, ಸಾರಿಗೆ, ಆರೋಗ್ಯ ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕೂಡಿಸಿದರು. ವಿಶ್ವಬ್ಯಾಂಕಿನ ಲೆಕ್ಕದ ಪ್ರಕಾರ 2015ರಿಂದ 2018ರ ಅವಧಿಯಲ್ಲಿ ಅಲ್ಲಿ ರಸ್ತೆ ಸಾವುಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಪರದೇಶಕ್ಕೆ ಹೋಗಿ ಇದನ್ನು ಉದಾಹರಣೆಯಾಗಿ ಹೇಳುತ್ತಾರೆ. ಯರಗಟ್ಟಿಯಿಂದ ಲೋಕಾಪುರ ಬಸ್ಸಿನಲ್ಲಿ ಹೆಚ್ಚೆಂದರೆ ತಾಸಿನ ದಾರಿ. ಲೋಕಾಪುರ ನಮ್ಮ ಮುಧೋಳ ತಾಲ್ಲೂಕಿನದು. ಪರದೇಶಕ್ಕೆ ಹೋದ ಪಾಠ ಒಂದು ತಾಸಿನ ದಾರಿ ಏಕೆ ಸವೆಸಲಿಲ್ಲ?

ನಾನು ಬನಹಟ್ಟಿಯ ನೇಕಾರ ಮನೆಯವ. ರಸ್ತೆ, ಸೇತುವೆ ಕೆಲಸದಲ್ಲೇ ಸರ್ಕಾರಿ ನೌಕರಿ ಮುಗಿಸಿ ಈಗ ಜಮಖಂಡಿಯಲ್ಲಿ ಇದ್ದೇನೆ. ಡಾಂಬರಿನ ದಪ್ಪ ಅಳೆಯಲು, ಸಿಮೆಂಟಿನ ಗಟ್ಟಿತನ ಪರೀಕ್ಷಿಸಲು ನಮಗೆ ಪುಸ್ತಕವಿತ್ತು, ಉಪಕರಣವಿತ್ತು, ಸಹಿ ಹಾಕುವವರಿದ್ದರು. ಈ ರಸ್ತೆಯಲ್ಲಿ ಯಾರು ಸಾಯುತ್ತಿದ್ದಾರೆ, ಯಾವ ಹೊತ್ತಿನಲ್ಲಿ, ಯಾವ ತಿರುವಿನಲ್ಲಿ ಎಂದು ನೋಡುವುದಕ್ಕೆ ಯಾರೂ ಸಂಬಳ ಪಡೆಯುತ್ತಿರಲಿಲ್ಲ. ಇಂದಿಗೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ತಾಲ್ಲೂಕು ತಿರುಗಿದರೂ ಅದನ್ನೇ ಹೊಟ್ಟೆಪಾಡಿನ ಕಸುಬು ಮಾಡಿಕೊಂಡ ಒಬ್ಬರನ್ನೂ ನಾನು ಕಂಡಿಲ್ಲ. ಯರಗಟ್ಟಿಯಲ್ಲಿ ಅದು ಕೆಲವರ ಕೆಲಸವಾಗಿತ್ತು. ಇಲ್ಲಿ ಅದು ಎಲ್ಲರ ಘೋಷಣೆ.

ನಮ್ಮ ಕಡೆಯ ರಸ್ತೆ ಸಾವಿನ ವಿಚಾರ ಕಬ್ಬಿನ ಟ್ರ್ಯಾಕ್ಟರಿನಿಂದಲೇ ಶುರುವಾಗಬೇಕು. ಹಂಗಾಮು ಹತ್ತಿದರೆ ಸಮೀರವಾಡಿ, ಹಿರೇಪಡಸಲಗಿ, ಸಿದ್ದಾಪುರ, ಉತ್ತೂರ, ಬಾಡಗಂಡಿ ಯಾವ ದಿಕ್ಕಿಗೆ ಹೊರಟರೂ ಎದುರಿಗೊಂದು, ಮುಂದೊಂದು ಕಬ್ಬಿನ ಗಾಡಿ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಇಪ್ಪತ್ತು ಟನ್ನಿನ ಆಸುಪಾಸು ಹೇರು. ಮುಂದೆ ನೋಡಿದರೆ ಮದುವೆ ಮೆರವಣಿಗೆ: ಬಣ್ಣದ ಲೈಟು, ರಿಬ್ಬನ್ನು, ಎಂಟು ಹತ್ತು ಸ್ಪೀಕರು, ಕಿವಿ ಹರಿಯುವ ಜಾನಪದ ಹಾಡು. ಹಿಂದೆ ನೋಡಿದರೆ ಗವ್ವೆನ್ನುವ ಕತ್ತಲು. ಹಾಡಿಗೆ ನನ್ನ ತಕರಾರಿಲ್ಲ. ಇಡೀ ರಾತ್ರಿ ಪಾಳಿಗಾಗಿ ಕಾದು, ಗಂಟೆಗೆ ಹದಿನೈದು ಕಿಲೋಮೀಟರಿನಲ್ಲಿ ತೆವಳುವ ಹುಡುಗನಿಗೆ ನಿದ್ದೆ ಹತ್ತದಂತೆ ಕಾಯುವುದೂ ಅದೇ ಹಾಡು. ಆದರೆ ಸ್ಪೀಕರಿಗೆ ಸಾವಿರಾರು ರೂಪಾಯಿ ಸುರಿಯುವ ಗಾಡಿಗೆ ಹಿಂಬದಿಯ ಮಿನುಗುವ ಕೆಂಪು ಪಟ್ಟಿಗೆ ಕೆಲವು ನೂರು ರೂಪಾಯಿ ಹೊಂದುವುದಿಲ್ಲ ಎಂದರೆ ನಂಬುವುದು ಹೇಗೆ?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ 33 ಮೀಟರ್ ಹೋಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 35 ಮೀಟರ್. ಒಟ್ಟು 68. ಎದುರಿನಿಂದ ವಾಹನ ಬರುತ್ತಿದ್ದರೆ ಲೈಟು ಡಿಮ್ ಮಾಡಲೇಬೇಕು. ಡಿಮ್ ಲೈಟಿನಲ್ಲಿ ಕರಿ ಕಬ್ಬಿಣದ ಟ್ರೇಲರು, ಮಣ್ಣು ಹತ್ತಿದ ಕಬ್ಬಿನ ರವದಿ ಕಾಣುವುದು ನಲವತ್ತು ಐವತ್ತು ಮೀಟರಿಗೆ. ಪಂಕ್ಚರಾಗಿ ನಿಂತ ಟ್ರೇಲರ್ ಕಣ್ಣಿಗೆ ಬೀಳುವ ಹೊತ್ತಿಗೆ ಡಿಕ್ಕಿ ನಿಶ್ಚಯವಾಗಿರುತ್ತದೆ. ಚಾಲಕ ಕುಡಿದಿರಬೇಕಿಲ್ಲ, ಮೊಬೈಲ್ ನೋಡುತ್ತಿರಬೇಕಿಲ್ಲ, ಪುಣ್ಯವಂತನಾಗಿದ್ದರೂ ಅಷ್ಟೇ. ಬೆಳಕನ್ನು ಹಿಂದಕ್ಕೆ ಎಸೆಯುವ ಪಟ್ಟಿ ಅದೇ ಡಿಮ್ ಲೈಟಿನಲ್ಲಿ ಇನ್ನೂರು ಮೀಟರಿನಾಚೆಯಿಂದಲೇ ಮಿನುಗುತ್ತದೆ. ಬದುಕು ಸಾವಿನ ನಡುವಿನ ವ್ಯತ್ಯಾಸ ಇಷ್ಟೇ ಅಗ್ಗದ್ದು.

ಹಾಗಾದರೆ ಹಿಂದಿನ ಲೈಟು ಏಕಿಲ್ಲ? ಕಾರ್ಖಾನೆ ಮುಂದಿನ ಸಾಲಿನಲ್ಲಿ ನಿಂತ ಒಬ್ಬ ಟ್ರ್ಯಾಕ್ಟರ್ ಹುಡುಗನನ್ನು ಕೇಳಿದೆ. “ಹಚ್ಚತೇವ್ರೀ ಯಜಮಾನ್ರ, ಹೊಲದಾಗ ತಿರುವೂಮುಂದ ವೈರ್ ಹರೀತೈತಿ, ಇಳಸೂಮುಂದ ಲೈಟ ಒಡೀತೈತಿ. ಎಷ್ಟ ಸಲ ಹಾಕಸೂದ್ರಿ?” ಎಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಹೇರು ಹಿಂದಕ್ಕೆ ಚಾಚಿದರೆ ಲೈಟು ಇದ್ದೂ ರವದಿಯ ಕೆಳಗೆ ಮುಚ್ಚಿಹೋಗುತ್ತದೆ. ಪೇಟೆಯ ಲಾರಿಗೆಂದು ಮಾಡಿದ ದೀಪ ಹೊಲದ ಟ್ರೇಲರಿಗೆ ಬಾಳುವುದಿಲ್ಲ. ಇದಕ್ಕೆ ವೈರು ಬೇಡದ, ಹೇರಿದ ಮೇಲೆ ಕಬ್ಬಿನ ತುದಿಗೆ ಸರಪಳಿಯಿಂದ ತೂಗಿಬಿಡುವ, ಇಳಿಸುವ ಮುನ್ನ ಬಿಚ್ಚಿಡುವ ತಗಡಿನ ಹಲಗೆ ಬೇಕು. ಅದಕ್ಕೆ ಕೆಂಪು ಪಟ್ಟಿ ಅಂಟಿಸಿದರಾಯಿತು. ಮುಧೋಳದ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಒಂದು ತಾಸಿನ ಕೆಲಸ.

ದಿಲ್ಲಿ ಐಐಟಿಯಲ್ಲಿದ್ದ ದಿನೇಶ್ ಮೋಹನ್ ಅವರನ್ನು ಇಲ್ಲಿ ನೆನೆಯಬೇಕು. ಹೆಲ್ಮೆಟ್, ಬಸ್ಸು, ಪಾದಚಾರಿಗಳ ಬಗ್ಗೆ ದೇಶದಲ್ಲೇ ಗಟ್ಟಿ ಕೆಲಸ ಮಾಡಿದ ಅವರು 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಉತ್ತರ ಭಾರತದ ಹಳ್ಳಿಗಳಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ರೈತರ, ಮಕ್ಕಳ ಕೈಬೆರಳು ಹೋಗುತ್ತಿದ್ದುದನ್ನು ಅವರ ತಂಡ ಕಂಡಿತು. ‘ಜಾಗ್ರತೆಯಿಂದಿರಿ’ ಎಂದು ಗೋಡೆ ಬರೆಸಲಿಲ್ಲ. ಯಂತ್ರವನ್ನೇ ತಿದ್ದಿದರು. ಮನುಷ್ಯ ತಪ್ಪು ಮಾಡುತ್ತಾನೆ, ಆ ತಪ್ಪಿಗೆ ಜೀವವೇ ಬೆಲೆಯಾಗಬಾರದು ಎಂಬುದು ರಸ್ತೆ ಸುರಕ್ಷತೆಯ ಕಸುಬಿನ ಮೊದಲ ಪಾಠ. ಸ್ವೀಡನ್ 1997ರಲ್ಲಿ ಇದನ್ನೇ ರಾಷ್ಟ್ರದ ನೀತಿ ಮಾಡಿಕೊಂಡಿತು. ನಮ್ಮವರೇ ಆದ ನಿಮ್ಹಾನ್ಸ್‌ನ ಡಾ. ಗುರುರಾಜ್ ಬೆಂಗಳೂರಿನ ಆಸ್ಪತ್ರೆಗಳಿಂದ ಗಾಯಾಳುಗಳ ಲೆಕ್ಕ ತೆಗೆದು ವರ್ಷಗಟ್ಟಲೆ ಹೇಳುತ್ತ ಬಂದದ್ದೂ ಇದನ್ನೇ. ಕೊಯಮತ್ತೂರಿನ ಎಲುಬಿನ ಡಾಕ್ಟರ್ ಎಸ್. ರಾಜಶೇಖರನ್ ಅವರಂತೂ ಮುರಿದ ಎಲುಬು ಕೂಡಿಸುವುದರ ಜೊತೆಗೆ ಸುಪ್ರೀಂ ಕೋರ್ಟಿಗೇ ಹೋದರು. ಅವರ ಅರ್ಜಿಯ ಮೇಲೆ 2017ರ ನವೆಂಬರ್ 30ರಂದು ಬಂದ ತೀರ್ಪು ಪ್ರತಿ ಜಿಲ್ಲೆಗೂ ರಸ್ತೆ ಸುರಕ್ಷತಾ ಸಮಿತಿ ಇರಬೇಕೆಂದಿತು.

ಆದರೆ ಸಮಿತಿ ಎಂಬುದು ಕಸುಬಲ್ಲ, ಅದೊಂದು ಸಭೆ. ಜಿಲ್ಲಾಧಿಕಾರಿಗೆ ಅಂದು ಬೆಳಿಗ್ಗೆ ಬರ, ಮಧ್ಯಾಹ್ನ ಪ್ರವಾಹ ಪರಿಹಾರ, ಸಂಜೆ ಕಬ್ಬಿನ ಬಾಕಿ. ನಡುವಿನ ಮುಕ್ಕಾಲು ತಾಸಿನಲ್ಲಿ ರಸ್ತೆ ಸಾವು. ಮದ್ರಾಸ್ ಐಐಟಿ ರೂಪಿಸಿದ ಐರ್ಯಾಡ್ ವ್ಯವಸ್ಥೆ ಬಂದ ಮೇಲೆ ಪೊಲೀಸರು ಅಪಘಾತದ ಸ್ಥಳದಲ್ಲೇ ನಿಂತು ಮೊಬೈಲಿನಲ್ಲಿ ವಿವರ ತುಂಬುತ್ತಾರೆ. ಮಾಹಿತಿಗೆ ಬರವಿಲ್ಲ. ಅದನ್ನು ತಾಲ್ಲೂಕಿನ ನಕಾಶೆಯ ಮೇಲೆ ಹರಡಿಕೊಂಡು ಕೂತು ‘ಈ ಮೂರು ಸಾವಿಗೂ ಕಾರಣ ಒಂದೇ’ ಎನ್ನುವವರಿಗೆ ಬರ. ಆಮೇಲೆ ಜನವರಿ ಬರುತ್ತದೆ, ರಸ್ತೆ ಸುರಕ್ಷತಾ ಮಾಸ. ಹೆಲ್ಮೆಟ್ ಹಾಕದವರ ಕೈಗೆ ಗುಲಾಬಿ, ಶಾಲೆ ಮಕ್ಕಳ ಕೈಗೆ ಬ್ಯಾನರ್. ಆ ಮೆರವಣಿಗೆಯ ಪಕ್ಕದಲ್ಲೇ ಹಿಂದೆ ಲೈಟಿಲ್ಲದ ಕಬ್ಬಿನ ಗಾಡಿ ಹಾದುಹೋಗುತ್ತದೆ.

2024ರ ಜನವರಿಯ ಕೊನೆಯಲ್ಲಿ ಜಮಖಂಡಿ ತಾಲ್ಲೂಕಿನ ಆಲಗೂರ ಬಳಿ, ಶಾಲೆಯ ಕಾರ್ಯಕ್ರಮ ಮುಗಿಸಿ ರಾತ್ರಿ ಊರಿಗೆ ಮರಳುತ್ತಿದ್ದ ಮಕ್ಕಳ ಬಸ್ಸಿಗೂ ಟ್ರ್ಯಾಕ್ಟರಿಗೂ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ಸತ್ತರು. ತಪ್ಪು ಯಾರದೆಂದು ತೀರ್ಮಾನಿಸುವುದು ಕೋರ್ಟಿನ ಕೆಲಸ. ಎಂಜಿನಿಯರ್ ಕೇಳಬೇಕಾದ ಪ್ರಶ್ನೆಗಳು ಬೇರೆ. ರಸ್ತೆ ಎಷ್ಟು ಅಗಲವಿತ್ತು? ಅಂಚಿನ ಬಿಳಿ ಗೆರೆ ಇತ್ತೇ? ಇಬ್ಬರು ಚಾಲಕರೂ ಒಬ್ಬರಿಗೊಬ್ಬರು ಎಷ್ಟು ದೂರದಿಂದ ಕಂಡರು? ಪ್ರತಿ ಸಾವಿನ ನಂತರ ಇವಿಷ್ಟನ್ನು ಕೇಳಿ, ಬರೆದು, ಊರಿಗೆ ತಿಳಿಸುವವರು ಬೇಕು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಮು ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ಮಾನದಂಡದಂತೆ ಇರದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಕಾನೂನು ಹರಿತವಾಗಿದೆ. ತನಿಖೆ ಚಾಲಕನ ಹೆಸರಿಗೇ ಬಂದು ನಿಂತುಬಿಟ್ಟರೆ ಅದನ್ನು ಹಿಡಿಯುವವರು ಯಾರು?

ನಾಲ್ಕು ತಾಲ್ಲೂಕಿಗೂ ಒಂದೇ ಔಷಧಿ ನಡೆಯುವುದಿಲ್ಲ. ಬೀಳಗಿ ಕಡೆ ವಿಜಯಪುರ–ಹುಬ್ಬಳ್ಳಿ ರಾಷ್ಟ್ರೀಯ ಹೆದ್ದಾರಿಗೆ ಹಳ್ಳಿಯ ದಾರಿಗಳು ಬಂದು ಕೂಡುತ್ತವೆ. ಅಲ್ಲಿ ಎಮ್ಮೆ ಹೊಡೆದುಕೊಂಡು ಬರುವವನಿಗೂ ಕಂಟೇನರ್ ಲಾರಿಗೂ ಒಂದೇ ಡಾಂಬರು. ಕೂಡು ರಸ್ತೆಗಳಲ್ಲಿ ಹಳ್ಳಿಯ ಕಡೆಯಿಂದಲೇ ವೇಗ ಮುರಿಯಬೇಕು. ನನ್ನೂರು ಬನಹಟ್ಟಿ, ಪಕ್ಕದ ರಬಕವಿಯಲ್ಲಿ ಸಾಯುವವರು ಹೆಚ್ಚಾಗಿ ವಾಹನದಲ್ಲಿ ಕೂತವರಲ್ಲ. ಮಗ್ಗದ ಪಾಳಿ ಮುಗಿಸಿ ನಡೆದು ಬರುವವರು, ಸೀರೆ ಗಂಟು ಕಟ್ಟಿಕೊಂಡ ಟಿವಿಎಸ್‌ನವರು, ಕಂಡಿಕೆ ಸುತ್ತಲು ಹೋಗುವ ಹೆಣ್ಣುಮಕ್ಕಳು. ಅವರಿಗೆ ಬೇಕಾದದ್ದು ಫುಟ್‌ಪಾತ್, ರಸ್ತೆ ದಾಟುವಲ್ಲಿ ಬೆಳಕು, ಊರೊಳಗೆ ಮೂವತ್ತರ ವೇಗ. ಜಗತ್ತಿನಲ್ಲಿ ವರ್ಷಕ್ಕೆ 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ, ಹತ್ತರಲ್ಲಿ ಒಂಬತ್ತು ಮಂದಿ ನಮ್ಮಂಥ ಬಡ, ಮಧ್ಯಮ ಆದಾಯದ ದೇಶಗಳವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ. ಕರ್ನಾಟಕದಲ್ಲೇ 2023ರಲ್ಲಿ 12,321 ಜನ, ಅಂದರೆ ದಿನಕ್ಕೆ 34ರ ಹತ್ತಿರ. ಬದುಕಿ ಉಳಿದವರ ಕತೆ ಬೇರೆ. ತಲೆಗೆ ಪೆಟ್ಟು ಬಿದ್ದರೆ ಬಾಗಲಕೋಟೆಯೋ ಬೆಳಗಾವಿಯೋ ಮಿರಜೋ ಎಂದು ಆಂಬುಲೆನ್ಸಿನಲ್ಲೇ ಚರ್ಚೆ ನಡೆಯುವ ಊರುಗಳು ನಮ್ಮವು.

ಹೆಚ್ಚು ಹಣ ಕೇಳುತ್ತಿಲ್ಲ. ನಾಲ್ಕು ತಾಲ್ಲೂಕಿಗೆ ಸೇರಿ ಒಬ್ಬ ತರಬೇತಿ ಪಡೆದ ಎಂಜಿನಿಯರ್, ಜೊತೆಗೊಬ್ಬ ಪೊಲೀಸ್ ಅಧಿಕಾರಿ. ಇಬ್ಬರಿಗೂ ಬೇರೆ ಕೆಲಸ ಹಚ್ಚಬಾರದು. ಯರಗಟ್ಟಿ ರಸ್ತೆಯಲ್ಲಿ ದುಡಿದವರಿಂದ ಅವರು ಕಲಿಯಲಿ.

ಇನ್ನು ಟ್ರ್ಯಾಕ್ಟರಿನ ಮಾತು. ಆರ್‌ಟಿಒ ಸಾವಿರಾರು ಗಾಡಿ ತಡೆಯಲಾರದು. ಆದರೆ ಪ್ರತಿ ಗಾಡಿಯೂ ತಾನಾಗಿ ಬಂದು ನಿಲ್ಲುವ ಜಾಗವೊಂದಿದೆ: ಕಾರ್ಖಾನೆಯ ತೂಕದ ಕಾಟಾ. ಕಟಾವು–ಸಾಗಾಣಿಕೆಯ ಕರಾರು ಕಾರ್ಖಾನೆಯ ಕೈಯಲ್ಲಿ, ಮುಂಗಡ ಕಾರ್ಖಾನೆಯದು, ಬಿಲ್ಲೂ ಅದರದೇ. ಕರಾರಿನ ದಿನವೇ ಕೆಂಪು ಪಟ್ಟಿಯ ಹಲಗೆ ಕೊಟ್ಟು ಹಣ ಸಾಗಾಣಿಕೆ ಬಿಲ್ಲಿನಲ್ಲಿ ಮುರಿದುಕೊಳ್ಳಲಿ. ಇದು ರೈತನ ಮೇಲಿನ ಹೊರೆ ಎನ್ನುವ ಮುಖಂಡರಿಗೆ ಒಂದು ಮಾತು. 2025ರ ನವೆಂಬರಿನಲ್ಲಿ ಟನ್ನಿನ ದರಕ್ಕಾಗಿ ಮುಧೋಳ ಹೊತ್ತಿ ಉರಿಯಿತು, ಸಮೀರವಾಡಿ ಬಳಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿತ್ತು. ದರದ ನ್ಯಾಯ ದೊಡ್ಡದೇ. ಆದರೆ ರಾತ್ರಿ ಬೈಕಿನಲ್ಲಿ ಹೊಲಕ್ಕೆ ನೀರು ಬಿಡಲು ಹೋಗಿ ಟ್ರೇಲರಿಗೆ ಬಡಿಯುವವನೂ ಅದೇ ರೈತನ ಮಗ.

ಪ್ರತಿ ಹಂಗಾಮಿಗೂ ಮುನ್ನ ಜಿಲ್ಲಾಡಳಿತ ಕಾರ್ಖಾನೆಗಳ, ರೈತ ಮುಖಂಡರ ಸಭೆ ಕರೆಯುತ್ತದೆ. ದರ, ಬಾಕಿ, ತೂಕದ ಮೋಸದ ಮಾತು ಇದ್ದೇ ಇರಲಿ. ಅದೇ ಸಭೆಯ ನಡಾವಳಿಯಲ್ಲಿ ಇನ್ನೊಂದು ಸಾಲು ಬರೆಸಿ: ಹಿಂದೆ ಕೆಂಪು ಪಟ್ಟಿಯ ಹಲಗೆ ಇಲ್ಲದ ಗಾಡಿಯನ್ನು ಯಾವ ಕಾರ್ಖಾನೆಯೂ ತೂಕಕ್ಕೆ ಹಚ್ಚತಕ್ಕದ್ದಲ್ಲ.