ಯೋಜನಾ ವರದಿಯಲ್ಲಿ ಕಾಣದ ಸಾಲು: ಸಾರಜನಕದ ಉಂಗುರವೂ ಕ್ರಿಯಾವರ್ಧಕವೂ

ಔಷಧಗಳ ಮೂಲವಸ್ತುಗಳನ್ನು ದೇಶದಲ್ಲಿಯೇ ತಯಾರಿಸುವವರಿಗಾಗಿ ಕೇಂದ್ರ ಸರ್ಕಾರವು 2020ರ ಮಾರ್ಚ್ ತಿಂಗಳಿನಲ್ಲಿ 6,940 ಕೋಟಿ ರೂಪಾಯಿಗಳ ಉತ್ಪಾದನೆ ಆಧಾರಿತ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ನೀಡಿದಂದಿನಿಂದ 'ಬಲ್ಕ್ ಡ್ರಗ್ ಇಂಟರ್‌ಮೀಡಿಯೆಟ್' ಎಂಬ ಮಾತು ದಾವಣಗೆರೆ-ಹರಿಹರ ಭಾಗದ ವರ್ತಕರ ನಡುವೆಯೂ ಸುಳಿದಾಡತೊಡಗಿದೆ. ಬ್ಯಾಂಕ್ ಸಾಲಕ್ಕೆಂದು ಸಿದ್ಧಪಡಿಸಿದ ಇಂತಹ ಕೆಲವು ಯೋಜನಾ ವರದಿಗಳು ಪರಿಶೀಲನೆಗಾಗಿ ನನ್ನ ಮೇಜಿಗೂ ಬಂದಿವೆ. ಅವುಗಳ ಅಚ್ಚು ಒಂದೇ: ಕಚ್ಚಾವಸ್ತು, ವಿದ್ಯುತ್, ಕೂಲಿ, ಬಡ್ಡಿ, ಮಾರಾಟದ ದರ, ಕೊನೆಯಲ್ಲಿ ಕಣ್ಣು ಕೋರೈಸುವ ಲಾಭ. ಕ್ರಿಯಾವರ್ಧಕ, ಅಂದರೆ ಕಾರ್ಖಾನೆಯವರು ಕೆಟಲಿಸ್ಟ್ ಎಂದು ಕರೆಯುವ ವಸ್ತು, 'ಇತರೆ ಬಳಕೆ ಸಾಮಗ್ರಿ' ಎಂಬ ಸಾಲಿನಲ್ಲಿ ಗ್ರೀಸು, ಗೋಣಿಚೀಲಗಳ ಜೊತೆ ಅಡಗಿ ಕುಳಿತಿರುತ್ತದೆ. ತ್ಯಾಜ್ಯದ ಸಾಲಂತೂ ಇರುವುದೇ ಇಲ್ಲ. ಈ ಉದ್ಯಮದ ಲಾಭನಷ್ಟಗಳು ನಿರ್ಧಾರವಾಗುವುದು ಇವೆರಡು ಸಾಲುಗಳಲ್ಲಿಯೇ ಆದುದರಿಂದ, ಅವುಗಳನ್ನು ಬಿಡಿಸಿ ತೋರಿಸದ ಯಾವ ಯೋಜನೆಗೂ ನಮ್ಮ ಸದಸ್ಯರು ಹಣ ತೊಡಗಿಸಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈ ಇಂಟರ್‌ಮೀಡಿಯೆಟ್‌ಗಳಲ್ಲಿ ಬಹುಪಾಲು ರಸಾಯನಶಾಸ್ತ್ರಜ್ಞರು ಸಾರಜನಕಯುಕ್ತ ಉಂಗುರ ಸಂಯುಕ್ತಗಳೆಂದು ಕರೆಯುವ ಜಾತಿಗೆ ಸೇರಿದವು. ಇಂಗಾಲದ ಪರಮಾಣುಗಳು ಕೈಕೈ ಹಿಡಿದು ಬಳೆಯಂತೆ ನಿಂತಾಗ, ಅವುಗಳ ನಡುವೆ ಒಂದೆರಡು ಸ್ಥಾನಗಳಲ್ಲಿ ಸಾರಜನಕ ಕುಳಿತರೆ ಅಂತಹ ಉಂಗುರವಾಗುತ್ತದೆ. ಪಿರಿಡಿನ್, ಪೈಪರಜಿನ್, ಇಮಿಡಜೋಲ್, ಇಂಡೋಲ್ ಇವುಗಳ ಹೆಸರುಗಳು. ಹೆಸರು ಅಪರಿಚಿತವಾದರೂ ವಸ್ತು ಅಪರಿಚಿತವಲ್ಲ. ಚನ್ನಗಿರಿಯ ಅಡಿಕೆಯಲ್ಲಿರುವ ಅರೆಕೋಲಿನ್ ಇಂತಹದೊಂದು ಉಂಗುರ. ನಮ್ಮ ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವವು ದೇಹಕ್ಕೆ ದಕ್ಕದ ರೂಪದಲ್ಲಿರುವುದರಿಂದ ಕೋಳಿ ಆಹಾರಕ್ಕೆ ಅದನ್ನು ಪ್ರತ್ಯೇಕವಾಗಿ ಬೆರೆಸಬೇಕಾಗುತ್ತದೆ. ಆ ನಯಾಸಿನ್ ಪಿರಿಡಿನ್ ಉಂಗುರದ ಪದಾರ್ಥ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ಸಣ್ಣ ಅಣುವಿನ ಔಷಧಗಳಲ್ಲಿ ಶೇ. 59ರಷ್ಟು ಸಾರಜನಕದ ಉಂಗುರವನ್ನು ಹೊಂದಿವೆಯೆಂದು 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತೋರಿಸಿತು. ರಕ್ತದೊತ್ತಡದ ಆಮ್ಲೊಡಿಪಿನ್, ಕ್ಷಯದ ಐಸೋನಿಯಾಜಿಡ್, ಹೊಟ್ಟೆಯುರಿಯ ಒಮೆಪ್ರಜೋಲ್ ಎಲ್ಲವೂ ಈ ಪಂಗಡದವು. ನಮ್ಮ ಜಿಲ್ಲೆಯ ಉಕ್ಕಡಗಾತ್ರಿಗೆ ಮನೋವ್ಯಾಧಿಯಿಂದ ಬಳಲುವವರನ್ನು ಕರೆತರುವ ವಾಡಿಕೆ ಹಿಂದಿನಿಂದಲೂ ಇದೆ. ಕರಿಬಸವಜ್ಜಯ್ಯನ ಗದ್ದುಗೆಗೆ ಹರಕೆ ಹೊತ್ತು ಬರುವ ಅಂತಹ ಕುಟುಂಬಗಳು ಜೊತೆಗೆ ವೈದ್ಯರು ಬರೆದ ಹ್ಯಾಲೋಪೆರಿಡಾಲ್ ಅಥವಾ ಓಲಾಂಜಪಿನ್ ಮಾತ್ರೆಗಳನ್ನೂ ತಂದಿದ್ದರೆ, ಅವೂ ಇದೇ ಉಂಗುರಗಳು. ಈ ವ್ಯಾಪಾರದ ಕೊನೆಯ ಗಿರಾಕಿ ಯಾರೆಂಬುದನ್ನು ಲೆಕ್ಕ ಹಾಕುವವರು ಮರೆಯಬಾರದು.

ಇನ್ನು ಉಂಗುರವನ್ನು ಕಟ್ಟುವ ಬಗೆ. 1880ರ ಸ್ಕ್ರಾಪ್ ವಿಧಾನದಲ್ಲಿ ಕ್ವಿನೋಲಿನ್ ಉಂಗುರವನ್ನು ಕಟ್ಟಲು ಅನಿಲಿನ್ ಮತ್ತು ಗ್ಲಿಸರಿನ್‌ಗಳನ್ನು ಪ್ರಬಲ ಗಂಧಕಾಮ್ಲದಲ್ಲಿ ಕಾಯಿಸಬೇಕು. ಕ್ರಿಯೆ ಒಮ್ಮೊಮ್ಮೆ ಕೈಮೀರಿ ಉಕ್ಕುತ್ತದೆ. ಕಡೆಗೆ ಆಮ್ಲವೂ ಡಾಂಬರಿನಂತಹ ಗಸಿಯೂ ತಯಾರಕನ ಪಾಲಿಗೆ ಉಳಿಯುತ್ತವೆ. ಕ್ರಿಯಾವರ್ಧಕದ ವಿಧಾನ ಬೇರೆ. ಅದು ಕ್ರಿಯೆಯಲ್ಲಿ ಪಾಲ್ಗೊಂಡರೂ ಉತ್ಪನ್ನದಲ್ಲಿ ಸೇರದೆ ಹೊರಬಂದು ಮತ್ತೆ ಮತ್ತೆ ದುಡಿಯುತ್ತದೆ. 1981ರಿಂದ ಬೆಳೆದುಬಂದಿರುವ ಒಂದು ವಿಧಾನಕ್ಕೆ ರಸಾಯನಶಾಸ್ತ್ರಜ್ಞರು 'ಹೈಡ್ರೋಜನ್ ಕಡ' ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ರುಥೇನಿಯಂ ಅಥವಾ ಇರಿಡಿಯಂ ಲೋಹದ ಸಂಯುಕ್ತವು ಆಲ್ಕೊಹಾಲಿನಿಂದ ಹೈಡ್ರೋಜನನ್ನು ಕೈಗಡ ಪಡೆಯುತ್ತದೆ; ಹೈಡ್ರೋಜನ್ ಕಳೆದುಕೊಂಡ ಆಲ್ಕೊಹಾಲು ಚುರುಕಾಗಿ ಅಮೈನಿನೊಡನೆ ಕೂಡಿಕೊಳ್ಳುತ್ತದೆ; ಆಗ ಲೋಹವು ತಾನು ಪಡೆದ ಕಡವನ್ನು ಅದೇ ಅಣುವಿಗೆ ತೀರಿಸುತ್ತದೆ. ಎರಡು ತುದಿಗಳಲ್ಲಿಯೂ ಆಲ್ಕೊಹಾಲಿನ ಗುಂಪುಳ್ಳ ಅಣುವಾದರೆ ಉಂಗುರ ಮುಚ್ಚಿಕೊಳ್ಳುತ್ತದೆ, ಉಳಿಯುವ ಉಪವಸ್ತು ನೀರು ಮಾತ್ರ. ಬಡ್ಡಿಯಿಲ್ಲದೆ ಅಸಲು ಹಿಂದಿರುಗುವ ಇಂತಹ ಕೈಗಡವನ್ನು ನಮ್ಮ ಪೇಟೆಯಲ್ಲಿ ನಾನಂತೂ ಕಂಡಿಲ್ಲ.

ಪಿರಿಡಿನ್ ಉದಾಹರಣೆ ನಮ್ಮ ಜಿಲ್ಲೆಗೆ ಹೆಚ್ಚು ಹತ್ತಿರದ್ದು. 1876ರಲ್ಲಿ ವಿಲಿಯಂ ರ‍್ಯಾಮ್ಸೆ ಎಂಬ ವಿಜ್ಞಾನಿ ಕೆಂಪಗೆ ಕಾದ ಕಬ್ಬಿಣದ ಕೊಳವೆಯಲ್ಲಿ ಅಸಿಟಿಲಿನ್ ಮತ್ತು ಹೈಡ್ರೋಜನ್ ಸಯನೈಡ್ ಅನಿಲಗಳನ್ನು ಹಾಯಿಸಿ ಮೊದಲ ಬಾರಿಗೆ ಅದನ್ನು ತಯಾರಿಸಿದರು. (ಟಾಟಾ ಅವರ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ತಕ್ಕ ಸ್ಥಳವೆಂದು ಮುಂದೆ ಶಿಫಾರಸು ಮಾಡಿದವರೂ ಇದೇ ರ‍್ಯಾಮ್ಸೆ.) ಇಂದಿನ ಕಾರ್ಖಾನೆಗಳಲ್ಲಿ ಅಸಿಟಾಲ್ಡಿಹೈಡ್, ಫಾರ್ಮಾಲ್ಡಿಹೈಡ್ ಮತ್ತು ಅಮೋನಿಯಾಗಳ ಆವಿಯನ್ನು ಜಿಯೋಲೈಟ್ ಎಂಬ ರಂಧ್ರಮಯ ಖನಿಜದ ಕ್ರಿಯಾವರ್ಧಕದ ಮೇಲೆ ಸುಮಾರು 400 ಡಿಗ್ರಿ ಉಷ್ಣತೆಯಲ್ಲಿ ಹಾಯಿಸುತ್ತಾರೆ. ಅಸಿಟಾಲ್ಡಿಹೈಡ್ ಬರುವುದು ಎಥನಾಲಿನಿಂದ, ಎಥನಾಲ್ ಬರುವುದು ಕಾಕಂಬಿಯಿಂದ. ಉತ್ತರ ಪ್ರದೇಶದ ಗಜರೌಲಾದಲ್ಲಿ ಜುಬಿಲಂಟ್ ಸಂಸ್ಥೆಯು ಇದೇ ಸರಪಳಿಯ ಮೇಲೆ ಪಿರಿಡಿನ್ ಉದ್ಯಮವನ್ನು ಕಟ್ಟಿತು. ಕುಕ್ಕುವಾಡದ ಸಕ್ಕರೆ ಕಾರ್ಖಾನೆಯಲ್ಲಿ ಎಥನಾಲ್ ತಯಾರಾಗುತ್ತಿರುವಾಗ ನಾವೇಕೆ ಮುಂದಿನ ಹೆಜ್ಜೆ ಇಡಬಾರದೆಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದುದೇ, ಆದರೆ ಉತ್ತರ ಕೊಡುವ ಮೊದಲು ಎರಡು ಸಂಗತಿಗಳನ್ನು ನೋಡಬೇಕು.

ಮೊದಲನೆಯದಾಗಿ, ಆ ಕೊಳವೆಯಿಂದ ಪಿರಿಡಿನ್ ಒಂದೇ ಹೊರಬರುವುದಿಲ್ಲ. ಬೀಟಾ ಪಿಕೋಲಿನ್ ಎಂಬ ಜೊತೆ ಉತ್ಪನ್ನವೂ ಬರುತ್ತದೆ. ನಯಾಸಿನ್ ತಯಾರಾಗುವುದು ಅದರಿಂದ. ನಮ್ಮ ಎಣ್ಣೆ ಗಿರಣಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಎಣ್ಣೆಗೆ ಬೆಲೆಯಿದ್ದು ಹಿಂಡಿಗೆ ಗಿರಾಕಿಯಿಲ್ಲದಿದ್ದರೆ ಗಿರಣಿ ನಡೆಯದು. ಎರಡೂ ಯಾವ ಪ್ರಮಾಣದಲ್ಲಿ ಬೀಳಬೇಕೆಂಬುದು ಬೆರೆಸುವ ಕಚ್ಚಾವಸ್ತುಗಳ ಪ್ರಮಾಣವನ್ನೂ ಕ್ರಿಯಾವರ್ಧಕದ ಗುಣವನ್ನೂ ಅವಲಂಬಿಸಿದೆ. ಎರಡನೆಯದಾಗಿ, ಪಿರಿಡಿನ್‌ನ ದೊಡ್ಡ ಗಿರಾಕಿ ಪ್ಯಾರಾಕ್ವಾಟ್ ಎಂಬ ಕಳೆನಾಶಕ. 2013ರ ನವೆಂಬರ್‌ನಲ್ಲಿ ಚೀನಾವು ಭಾರತ ಮತ್ತು ಜಪಾನ್‌ಗಳ ಪಿರಿಡಿನ್ ಮೇಲೆ ಶೇ. 24.6ರಿಂದ ಶೇ. 57.4ರವರೆಗೆ ಸುರಿತ ವಿರೋಧಿ ಸುಂಕ ಹೇರಿತು; 2016ರ ಜುಲೈಯಿಂದ ಪ್ಯಾರಾಕ್ವಾಟ್ ದ್ರಾವಣದ ಮಾರಾಟವನ್ನೇ ತನ್ನ ದೇಶದೊಳಗೆ ನಿಲ್ಲಿಸಿತು. ದೊಡ್ಡ ಸಂಸ್ಥೆಗಳು ಇಂತಹ ಪೆಟ್ಟುಗಳನ್ನು ತಾಳಿಕೊಳ್ಳುವುದು ಒಂದೇ ಉಂಗುರದಿಂದ ಹತ್ತಾರು ಪದಾರ್ಥಗಳನ್ನು ಮಾಡಬಲ್ಲ ಶಕ್ತಿಯಿಂದ. ಒಂದೇ ವಸ್ತು, ಒಬ್ಬನೇ ಗಿರಾಕಿಯನ್ನು ನೆಚ್ಚಿದ ಸಣ್ಣ ಘಟಕಕ್ಕೆ ಆ ತಾಳಿಕೆ ಎಲ್ಲಿಯದು?

ಈಗ ಲೆಕ್ಕದ ಪುಸ್ತಕಕ್ಕೆ ಬರೋಣ. ಔಷಧ ತಯಾರಿಕೆಯಲ್ಲಿ ಇಂಗಾಲದ ಪುಡಿಯ ಮೇಲೆ ಹರಡಿದ ಪಲ್ಲಾಡಿಯಂ ಬಹಳ ಬಳಕೆಯ ಕ್ರಿಯಾವರ್ಧಕ. ಶೇ. 5ರ ಪುಡಿ ಒಣ ತೂಕದಲ್ಲಿ 10 ಕಿಲೋ ಇದೆಯೆಂದು ಭಾವಿಸಿದರೆ ಅದರೊಳಗೆ 500 ಗ್ರಾಂ, ಅಂದರೆ 16 ಔನ್ಸ್ ಪಲ್ಲಾಡಿಯಂ ಇದೆ. 2022ರ ಮಾರ್ಚ್‌ನಲ್ಲಿ ಔನ್ಸಿಗೆ 3,000 ಡಾಲರ್ ದಾಟಿದ್ದ ಈ ಲೋಹದ ಧಾರಣೆ 2024ರಲ್ಲಿ 1,000 ಡಾಲರಿನ ಆಸುಪಾಸಿಗೆ ಇಳಿಯಿತು. ಅಂದರೆ ಡಬ್ಬಿಯನ್ನು ತೆರೆಯದೆಯೇ 32,000 ಡಾಲರ್ ಕರಗಿತು. ಚಿನ್ನವನ್ನು ತಿಜೋರಿಯಲ್ಲಿಟ್ಟು ತೂಕದ ಚೀಟಿ ಬರೆಯುವ ನಮ್ಮ ಜನ ಈ ಕಪ್ಪು ಪುಡಿಯನ್ನು ಉಗ್ರಾಣದ ಮೂಲೆಯಲ್ಲಿಟ್ಟು 'ಬಳಕೆ ಸಾಮಗ್ರಿ'ಯೆಂದು ಖರ್ಚು ಬರೆಯುವುದು ವಿಚಿತ್ರವಲ್ಲವೆ? ಹನ್ನೆರಡು ತಿಂಗಳಿಗೂ ಮೀರಿ ದುಡಿಯುವ ಕ್ರಿಯಾವರ್ಧಕವಾದರೆ ಅದು ಖರ್ಚಲ್ಲ, ಆಸ್ತಿ. ಪ್ರತಿ ಬ್ಯಾಚಿಗೂ ಎಷ್ಟು ಹೋಯಿತು, ಸೋಸಿದ ಮೇಲೆ ಎಷ್ಟು ಬಂತು, ಎಷ್ಟನೆಯ ಬಳಕೆಯಲ್ಲಿ ಶಕ್ತಿ ಕುಂದಿತು ಎಂಬ ದಾಖಲೆಯಿಲ್ಲದೆ ಉತ್ಪಾದನಾ ವೆಚ್ಚವನ್ನು ಹೇಳುವುದು ಸಾಧ್ಯವಿಲ್ಲ.

ಸವೆದ ಕ್ರಿಯಾವರ್ಧಕವನ್ನು ಗುಜರಿಯವನಿಗೆ ಮಾರಬಹುದೆಂದು ತಿಳಿದವರೂ ಇದ್ದಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿಯೇ ಔಷಧ ತಯಾರಿಕೆಯ ಸವೆದ ಕ್ರಿಯಾವರ್ಧಕದ ಹೆಸರಿದೆ. ಅನುಮತಿ ಪಡೆದ ಶುದ್ಧೀಕರಣ ಘಟಕಕ್ಕೆ ಮಾತ್ರ, ನಮೂನೆ 10ರ ಸಾಗಣೆ ಪತ್ರದೊಡನೆ ಕಳುಹಿಸಬೇಕು. ಲೋಹವನ್ನು ತೆಗೆಸಿ ಮರಳಿ ಪಡೆಯುವುದಾದರೆ ಜಿಎಸ್‌ಟಿ ಕಾಯ್ದೆಯ 143ನೆಯ ಕಲಮಿನ ಜಾಬ್‌ವರ್ಕ್ ವಿಧಿಯನ್ನೂ ನೋಡಿಕೊಳ್ಳಬೇಕು; ಕಚ್ಚಾಸಾಮಗ್ರಿಯೆಂದು ಕಳುಹಿಸಿದುದು ಒಂದು ವರ್ಷದೊಳಗೆ ಹಿಂದಿರುಗದಿದ್ದರೆ ಕಳುಹಿಸಿದ ದಿನವೇ ಪೂರೈಕೆಯಾಯಿತೆಂದು ತೆರಿಗೆ ಬೀಳುತ್ತದೆ. ಮತ್ತೊಂದು ಕಡೆ, ಲೋಹವು ಔಷಧದಲ್ಲಿ ಉಳಿದುಬಿಟ್ಟರೂ ತೊಂದರೆಯೇ. ಬಾಯಿಯ ಮೂಲಕ ಸೇವಿಸುವ ಔಷಧಗಳಲ್ಲಿ ಪಲ್ಲಾಡಿಯಂ ದಿನಕ್ಕೆ 100 ಮೈಕ್ರೋಗ್ರಾಂ ಮೀರಬಾರದೆಂಬುದು ಅಂತರರಾಷ್ಟ್ರೀಯ ಮಿತಿ. ಮಿತಿ ಮೀರಿದ ಸರಕನ್ನು ಖರೀದಿದಾರ ಹಿಂದಕ್ಕೆ ಅಟ್ಟುತ್ತಾನೆ.

ಅಗ್ಗದ ಮಾರ್ಗವು ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ವಾಲ್ಸಾರ್ಟನ್ ಪ್ರಕರಣಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ರಕ್ತದೊತ್ತಡದ ಈ ಔಷಧದಲ್ಲಿ ಟೆಟ್ರಜೋಲ್ ಎಂಬ, ನಾಲ್ಕು ಸಾರಜನಕಗಳ ಉಂಗುರವಿದೆ. ಚೀನಾದ ಝೆಜಿಯಾಂಗ್ ಹುವಾಹೈ ಸಂಸ್ಥೆಯು 2012ರ ಸುಮಾರಿಗೆ ಆ ಉಂಗುರವನ್ನು ಕಟ್ಟುವ ಕ್ರಮವನ್ನು ಬದಲಿಸಿತು. ತವರದ ಸಂಯುಕ್ತವನ್ನು ಬಿಟ್ಟು ಸೋಡಿಯಂ ಅಜೈಡ್ ಮತ್ತು ಸತುವಿನ ಕ್ಲೋರೈಡನ್ನು ಡಿಎಂಎಫ್ ಎಂಬ ದ್ರಾವಕದಲ್ಲಿ ಬಳಸತೊಡಗಿತು. ಇಳುವರಿ ಹೆಚ್ಚಿತು, ಖರ್ಚು ಇಳಿಯಿತು. ಉಳಿದ ಅಜೈಡನ್ನು ನಾಶಪಡಿಸಲು ನೈಟ್ರೈಟ್ ಸೇರಿಸಿದಾಗ, ದ್ರಾವಕ ಒಡೆದು ಹುಟ್ಟಿದ ಅಮೈನಿನೊಡನೆ ಅದು ಕೂಡಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಲ್ಲದೆಂದು ಪರಿಗಣಿಸಲಾದ ಕಲ್ಮಶವಾಯಿತು. ಆರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2018ರ ಜುಲೈಯಲ್ಲಿ ಹಲವಾರು ದೇಶಗಳಲ್ಲಿ ಮಾತ್ರೆಗಳನ್ನು ಅಂಗಡಿಗಳಿಂದ ಹಿಂಪಡೆಯಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕವು ಆ ಸಂಸ್ಥೆಯ ಸರಕಿಗೆ ಬಾಗಿಲು ಮುಚ್ಚಿತು. ದೊಡ್ಡ ಪ್ರಯೋಗಾಲಯಗಳುಳ್ಳ ಸಂಸ್ಥೆಯ ಗತಿಯೇ ಹೀಗಾದರೆ, ಸೂತ್ರವನ್ನು ದಲ್ಲಾಳಿಯಿಂದ ಕೊಂಡು ತರುವ ಘಟಕದ ಗತಿಯನ್ನು ಊಹಿಸಬಹುದು. ನಾನು ಕಂಡ ವರದಿಯೊಂದರಲ್ಲಿ 'ತಂತ್ರಜ್ಞಾನ ಪೂರೈಕೆ' ಎಂಬ ಶೀರ್ಷಿಕೆಯಡಿ ಒಂದು ಮೊತ್ತವಿತ್ತೇ ಹೊರತು ಪೂರೈಸುವವರ ವಿದ್ಯಾರ್ಹತೆಯಾಗಲಿ, ಹೊಣೆಗಾರಿಕೆಯಾಗಲಿ ಇರಲಿಲ್ಲ.

ತ್ಯಾಜ್ಯದ ಸಾಲಿಗೆ ಒಂದು ಅಳತೆಗೋಲನ್ನು ರೋಜರ್ ಶೆಲ್ಡನ್ ಎಂಬ ರಸಾಯನಶಾಸ್ತ್ರಜ್ಞ 1992ರಲ್ಲಿಯೇ ಕೊಟ್ಟಿದ್ದಾರೆ: ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ? ಅವರ ಅಂದಾಜಿನಲ್ಲಿ ತೈಲ ಶುದ್ಧೀಕರಣದಲ್ಲಿ ಅದು ಅತ್ಯಲ್ಪ. ವಿಶೇಷ ರಾಸಾಯನಿಕಗಳಲ್ಲಿ 5ರಿಂದ 50. ಔಷಧಗಳಲ್ಲಿ 25ರಿಂದ 100ಕ್ಕೂ ಮಿಗಿಲು. ತಿಂಗಳಿಗೆ ಒಂದು ಟನ್ ಔಷಧವಸ್ತು ಮಾಡುತ್ತೇನೆನ್ನುವವನು ಕನಿಷ್ಠ 25 ಟನ್ ತ್ಯಾಜ್ಯಕ್ಕೆ ದಾರಿ ತೋರಿಸಬೇಕೆಂದಾಯಿತು. ಆ ದಾರಿ ನದಿಯಾಗಬಾರದು. ಉಕ್ಕಡಗಾತ್ರಿಯ ಸ್ನಾನಘಟ್ಟಗಳನ್ನು ದಾಟಿ ಬರುವ ತುಂಗಭದ್ರೆಯ ನೀರನ್ನೇ ರಾಜನಹಳ್ಳಿಯಲ್ಲಿ ಎತ್ತಿ ದಾವಣಗೆರೆ ನಗರಕ್ಕೆ ಕುಡಿಯಲು ಕೊಡಲಾಗುತ್ತಿದೆ. ಕಾರ್ಖಾನೆಯ ತ್ಯಾಜ್ಯದಿಂದ ಮೀನು ಸತ್ತುವೆಂಬ ದೂರಿನೊಡನೆ 1980ರ ದಶಕದಲ್ಲಿ ಈ ನದಿಯ ದಂಡೆಯಲ್ಲಿ ನಡೆದ ಹೋರಾಟ ಹಿರಿಯ ಸದಸ್ಯರ ನೆನಪಿನಲ್ಲಿರಬಹುದು. ಅಂದಿನ ವಾದವೇನೇ ಇರಲಿ, ದಡದ ಊರುಗಳ ವಿಶ್ವಾಸವನ್ನು ಕಳೆದುಕೊಂಡ ಉದ್ಯಮಕ್ಕೆ ಬ್ಯಾಂಕಿನ ವಿಶ್ವಾಸವೂ ಬಹುಕಾಲ ಉಳಿಯುವುದಿಲ್ಲ.

ಹಾಗಾದರೆ ಈ ಕ್ಷೇತ್ರಕ್ಕೆ ನಾವು ಕಾಲಿಡಲೇಬಾರದೆ? ಇಡಬೇಕು, ಆದರೆ ಬೇರೆ ಬಾಗಿಲಿನಿಂದ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಈ ಶತಮಾನದ ಆರಂಭದಲ್ಲಿ ಮುಚ್ಚಿಹೋದರೂ ಅದು ಕಲಿಸಿದ ಲೇತ್ ಕೆಲಸ, ಎರಕದ ಕೆಲಸ ಹರಿಹರದ ಸಣ್ಣ ಕಾರ್ಯಾಗಾರಗಳಲ್ಲಿ ಉಳಿದಿದೆ. ಒತ್ತಡದ ಹೈಡ್ರೋಜನ್ ಪಾತ್ರೆಗಳ ಬಿಡಿಭಾಗಗಳು, ಗಾಳಿ ತಾಗಿದರೆ ಹೊತ್ತಿಕೊಳ್ಳುವ ರೇನಿ ನಿಕ್ಕಲ್‌ನಂತಹ ಕ್ರಿಯಾವರ್ಧಕವನ್ನು ಗಾಳಿ ಸೋಕದಂತೆ ಸೋಸುವ ಮುಚ್ಚಿದ ಸೋಸುಕಗಳು, ಕಲಕುವ ದಂಡಗಳು, ಸೀಲುಗಳು ಇವು ಬೀದರಿನ ಮತ್ತು ಬೆಂಗಳೂರಿನ ಔಷಧ ಕಾರ್ಖಾನೆಗಳಿಗೆ ನಿತ್ಯ ಬೇಕಾದ ಸಾಮಗ್ರಿಗಳು. ಇಲ್ಲಿ ತ್ಯಾಜ್ಯ ಅಲ್ಪ, ಕೌಶಲ ನಮ್ಮದೇ. ಪ್ರಮಾಣೀಕರಣದ ಖರ್ಚು ಮಾತ್ರ ಒಬ್ಬೊಬ್ಬರಿಗೆ ಭಾರವಾದೀತು. ಅದನ್ನು ಹಂಚಿಕೊಳ್ಳಲು ಒಂದು ಒಕ್ಕೂಟ ಸಾಕು.

ಸರ್ಕಾರದ ನೀತಿಯ ಬಗೆಗೂ ಒಂದು ಮಾತು. ಪ್ರೋತ್ಸಾಹ ಯೋಜನೆಯು ಕನಿಷ್ಠ ಉತ್ಪಾದನಾ ಸಾಮರ್ಥ್ಯದ ಷರತ್ತನ್ನು ಇಟ್ಟು ದೊಡ್ಡವರಿಗೆ ಒಲಿದಿದೆ. ಸಂಶೋಧನಾ ವೆಚ್ಚಕ್ಕೆ ಕಂಪನಿಗಳಿಗೆ ಆದಾಯ ತೆರಿಗೆಯಲ್ಲಿ ಹಿಂದೆ ದೊರೆಯುತ್ತಿದ್ದ ಶೇ. 200ರ ಕಡಿತವು 2017ರಲ್ಲಿ ಶೇ. 150ಕ್ಕೆ, 2020ರಲ್ಲಿ ಶೇ. 100ಕ್ಕೆ ಇಳಿಯಿತು. ಉಂಗುರ ಕಟ್ಟುವ ಕ್ರಮವನ್ನು ಸುಧಾರಿಸಲು ಹಣ ಹೂಡುವವನಿಗೆ ಇದರಿಂದ ಯಾವ ಉತ್ತೇಜನ ದೊರೆಯುತ್ತದೆಂಬುದು ನನಗೆ ತಿಳಿಯದು. ರಾಜ್ಯದ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ವಿಭಾಗಗಳಲ್ಲಿ ಸಾರಜನಕದ ಉಂಗುರಗಳ ಮೇಲೆ ವರ್ಷವರ್ಷವೂ ಪ್ರಬಂಧಗಳು ಸಿದ್ಧವಾಗುತ್ತವೆ. ಅವು ಗ್ರಾಂ ಪ್ರಮಾಣದಲ್ಲಿಯೇ ನಿಂತುಬಿಡುತ್ತವೆ. ನಮ್ಮ ಸಂಸ್ಥೆಯು ದಾವಣಗೆರೆ ವಿಶ್ವವಿದ್ಯಾಲಯದೊಡನೆ ಮಾತುಕತೆ ನಡೆಸಿ, ಸದಸ್ಯರು ತರುವ ಯಾವುದೇ ರಾಸಾಯನಿಕ ಯೋಜನಾ ವರದಿಯನ್ನು ನಿಗದಿತ ಶುಲ್ಕಕ್ಕೆ ಪರಿಶೀಲಿಸುವ ವ್ಯವಸ್ಥೆಯನ್ನು ಏರ್ಪಡಿಸಬೇಕೆಂದು ಕೋರುತ್ತೇನೆ. ಪರಿಶೀಲಕರು ಕೇಳಬೇಕಾದುದು ನಾಲ್ಕೇ ಪ್ರಶ್ನೆ: ಯಾವ ಕ್ರಿಯಾವರ್ಧಕ, ಎಷ್ಟು ಬಾರಿ ಮರುಬಳಕೆ, ಕಿಲೋಗೆ ಎಷ್ಟು ತ್ಯಾಜ್ಯ, ಅದನ್ನು ಒಯ್ಯುವವರು ಯಾರು. ಲೆಕ್ಕದ ಭಾಗವನ್ನು ನೋಡಿಕೊಡಲು ನಮ್ಮ ವೃತ್ತಿಯವರು ಒಪ್ಪದಿರಲಾರರು; ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಲು ಅಡ್ಡಿಯೇನಿದೆ?