ಪರದೆಯ ಗುರು, ಪಕ್ಕದ ಕಿವಿ

ಶ್ರೀಮಠದ ಆಶ್ರಯದಲ್ಲಿ ಬೆಳೆದುಬಂದಿರುವ ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಪುಟಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಹಳೆಯ ದಿನಗಳ ನೆನಪುಗಳನ್ನು ಬರೆದು ಕೈತೊಳೆದುಕೊಳ್ಳುವುದು ನನ್ನಂತಹ ನಿವೃತ್ತ ಶಿಕ್ಷಕನಿಗೆ ಸುಲಭವೇ ಆಗಿತ್ತು. ಆದರೆ ಕಳೆದ ಎರಡು ವರ್ಷಗಳಿಂದ ನನ್ನ ಮನೆಯಲ್ಲಿಯೇ ನಡೆದಿರುವ ಒಂದು ಸಂಗತಿ ನನ್ನ ಮನಸ್ಸನ್ನು ಬೇರೆಡೆಗೆ ಎಳೆದಿದೆ. ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಆನ್‌ಲೈನ್ ಮೂಲಕ ಹಿಂದೂಸ್ತಾನಿ ಗಾಯನವನ್ನು ಕಲಿಯುತ್ತಿದ್ದಾಳೆ. ವಾರಕ್ಕೆ ಎರಡು ಪಾಠ, ಒಂದೊಂದೂ ಮುಕ್ಕಾಲು ತಾಸು. ಕಲಿಸುವ ತಾಯಿ ಇರುವುದು ನಮ್ಮೂರಿನಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿ. ಮಗ ಸೊಸೆ ಇಬ್ಬರೂ ನೌಕರಿಯಲ್ಲಿರುವುದರಿಂದ ಪಾಠದ ಹೊತ್ತಿನಲ್ಲಿ ಮಗುವಿನ ಪಕ್ಕದಲ್ಲಿ ಕುಳ್ಳಿರುವ ಕೆಲಸ ನನ್ನ ಪಾಲಿಗೆ ಬಂದಿತು. ನಾನು ಸಂಗೀತ ಬಲ್ಲವನಲ್ಲ. ಈ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಗಣಿತವನ್ನು ಕಲಿಸಿದ ಮಾಸ್ತರ. ಆದರೂ ಈ ಎರಡು ವರ್ಷಗಳಲ್ಲಿ ನನಗೆ ದೃಢವಾದ ಒಂದು ಅಭಿಪ್ರಾಯವನ್ನು ಶಿಕ್ಷಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ಉದಾರ ದಾನಿಗಳ ಮುಂದೆ ಇಡಲೇಬೇಕೆನಿಸಿದೆ. ಪರದೆಯ ಮೂಲಕ ಸಂಗೀತವನ್ನು ಕಲಿಸಬಹುದು; ಆದರೆ ಕಲಿಯುವ ಮಗುವಿನ ಪಕ್ಕದಲ್ಲಿ ಕೇಳುವ ಹಿರಿಯನೊಬ್ಬನಿಲ್ಲದಿದ್ದರೆ ಆ ಕಲಿಕೆ ನಿಲ್ಲುವುದಿಲ್ಲ.

ಇದನ್ನು ಓದುತ್ತಲೇ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಗುರುವಿನ ಸನ್ನಿಧಿಯಲ್ಲಿ ಪಡೆಯಬೇಕಾದ ವಿದ್ಯೆಯನ್ನು ಅಂಗೈಯಗಲದ ಯಂತ್ರದಿಂದ ಪಡೆಯುವುದೆಂದರೇನು ಎಂಬ ಅವರ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣಲಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧರನ್ನು, ಅನಾಥರನ್ನು ತಮ್ಮೊಡನೆಯೇ ಇರಿಸಿಕೊಂಡು ಅನ್ನವಿಕ್ಕಿ ಸ್ವರವನ್ನು ತುಂಬಿದ ನಾಡು ಇದು. ಆದರೆ ಅದೇ ನಾಡಿನ ಇನ್ನೊಂದು ಚಿತ್ರವನ್ನೂ ನೆನೆಯಬೇಕು. ಗಂಗೂಬಾಯಿ ಹಾನಗಲ್ಲರು ಗುರುಗಳ ಮನೆಯಲ್ಲಿಯೇ ಉಳಿದು ಕಲಿತವರಲ್ಲ. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರು ದೂರದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಸವಾಯಿ ಗಂಧರ್ವರಿಂದ ಪಾಠ ಹೇಳಿಸಿಕೊಂಡು, ಮತ್ತೆ ರೈಲು ಹಿಡಿದು ಮನೆಗೆ ಮರಳುತ್ತಿದ್ದರು. ಒಂದೆರಡು ಸ್ವರಗುಚ್ಛಗಳನ್ನೇ ಗುರುಗಳು ದೀರ್ಘಕಾಲ ತಿದ್ದಿ ತೀಡಿ ಅಭ್ಯಾಸ ಮಾಡಿಸುತ್ತಿದ್ದರೆಂಬುದನ್ನು ಅವರೇ ಹೇಳಿಕೊಂಡಿದ್ದಾರೆ. ಗುರು ಕೊಟ್ಟದ್ದು ಸ್ವಲ್ಪ, ಮನೆಯಲ್ಲಿ ಅರೆದು ಅರಗಿಸಿಕೊಂಡದ್ದು ಬಹಳ. ಇನ್ನು, 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ನಮ್ಮ ಹಳ್ಳಿಗಳ ಎಷ್ಟೋ ಕಿವಿಗಳು ತಯಾರಾದದ್ದು ಯಂತ್ರದ ಮುಂದೆಯೇ ಅಲ್ಲವೆ? ದೂರವೂ ಯಂತ್ರವೂ ಹೊಸವಲ್ಲ.

ಹೊಸದು ಬೇರೊಂದಿದೆ. ಗಣಿತದವನಾದ ನನಗೆ ಅದು ಮೊದಲು ಹೊಳೆದದ್ದು ಲೆಕ್ಕದ ರೂಪದಲ್ಲಿ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುತ್ತದೆ. ಎದುರಿಗೆ ಒಂದು ಮೀಟರು ಅಂತರದಲ್ಲಿ ಕುಳಿತ ಗುರುವಿನ ಸ್ವರ ಶಿಷ್ಯನ ಕಿವಿಗೆ ಮೂರು ಮಿಲಿಸೆಕೆಂಡಿನಲ್ಲಿ ತಲುಪುತ್ತದೆ. ಅಂತರಜಾಲದ ಕರೆಯಲ್ಲಿ ಅದೇ ಸ್ವರ ತಲುಪಲು ನೂರೈವತ್ತು ಮಿಲಿಸೆಕೆಂಡು ಹಿಡಿದರೂ ಆಶ್ಚರ್ಯವಿಲ್ಲ. ಎಂದರೆ, ಗುರುಗಳು ಐವತ್ತು ಮೀಟರು ದೂರದಲ್ಲಿ, ನಮ್ಮ ಶಾಲೆಯ ಆಟದ ಬಯಲಿನ ಆ ತುದಿಯಲ್ಲಿ ಕುಳಿತಂತಾಯಿತು. ಮಗುವಿನ ಮರುದನಿ ಅವರಿಗೆ ತಲುಪುವುದಕ್ಕೆ ಮತ್ತೆ ಅಷ್ಟೇ ಹೊತ್ತು. ಜೊತೆಯಾಗಿ ಹಾಡುವವರಿಗೆ, ನುಡಿಸುವವರಿಗೆ ಇಪ್ಪತ್ತೈದು ಮೂವತ್ತು ಮಿಲಿಸೆಕೆಂಡು ಮೀರಿದ ವಿಳಂಬ ತಾಳವನ್ನು ಎಳೆಯತೊಡಗುತ್ತದೆ. ಆದ್ದರಿಂದ ಆನ್‌ಲೈನ್ ಪಾಠದಲ್ಲಿ ಗುರುಶಿಷ್ಯರು ಒಂದಾಗಿ ಹಾಡುವುದು ಆಗದ ಮಾತು. ಗುರುಗಳು ಹಾಡುವಾಗ ಮಗು ಸುಮ್ಮನಿರಬೇಕು, ಮಗು ಹಾಡುವಾಗ ಗುರುಗಳು ಸುಮ್ಮನಿರಬೇಕು. ಗುರುವಿನ ಬೆನ್ನ ಹಿಂದೆ ಕುಳಿತು, ಅವರ ದನಿಯೊಳಗೆ ತನ್ನ ದನಿಯನ್ನು ಸೇರಿಸಿ, ಅರಿವಿಲ್ಲದೆಯೇ ಶ್ರುತಿಗೆ ಸೇರುವ ಆ ಭಾಗ್ಯ ಈ ಪಾಠದಲ್ಲಿ ಇಲ್ಲ. ಮಗು ಒಂಟಿಯಾಗಿ ಹಾಡುತ್ತದೆ. ಹನ್ನೆರಡು ವರ್ಷದ ಕೂಸಿಗೆ ಅದು ಸಣ್ಣ ಭಾರವಲ್ಲ.

ಮೊದಲ ತಿಂಗಳು ಇನ್ನೊಂದು ತೊಂದರೆ ಬಂದಿತು. ಮೊಮ್ಮಗಳು ಷಡ್ಜವನ್ನು ನೀಳವಾಗಿ ಹಿಡಿದಾಗಲೆಲ್ಲ ಗುರುಗಳು, ಸ್ವರ ನಡುವೆ ಕಡಿದುಹೋಗುತ್ತಿದೆ, ತಂಬೂರಿಯೂ ಕೇಳಿಸುತ್ತಿಲ್ಲ ಎನ್ನುತ್ತಿದ್ದರು. ತನ್ನ ಉಸಿರೇ ಗಿಡ್ಡವೆಂದು ಕೂಸು ಕುಗ್ಗಿಹೋಯಿತು. ನಾನೂ ಪ್ರಾಣಾಯಾಮದ ಉಪದೇಶವನ್ನು ಆರಂಭಿಸಿದ್ದೆ! ದೋಷವಿದ್ದದ್ದು ಉಸಿರಿನಲ್ಲಿ ಅಲ್ಲ. ಮಾತುಕತೆಗೆಂದು ರಚಿತವಾದ ಈ ತಂತ್ರಾಂಶಗಳು ಏರಿಳಿತವಿಲ್ಲದೆ ಒಂದೇ ಸಮನೆ ಬರುವ ನಾದವನ್ನು ಬೀಸಣಿಗೆಯ ಸದ್ದೆಂದು ಬಗೆದು ಅಳಿಸಿಹಾಕುತ್ತವೆ. ತಂಬೂರಿಯ ಗುಣವೇ ಒಂದೇ ಸಮನೆ ಮೊಳಗುವುದು. ನೀಳವಾದ ಷಡ್ಜದ ಸೊಗಸೂ ಅಲುಗದೆ ನಿಲ್ಲುವುದರಲ್ಲಿದೆ. ಸಂಗೀತದಲ್ಲಿ ಯಾವುದು ಗುಣವೋ ಅದನ್ನೇ ಯಂತ್ರ ಕಸವೆಂದು ಗುಡಿಸುತ್ತಿತ್ತು. ಸದ್ದು ಅಳಿಸುವ ಆ ಏರ್ಪಾಡನ್ನು ನಿಲ್ಲಿಸಿ, ಮೂಲಧ್ವನಿಯನ್ನು ಇದ್ದಂತೆಯೇ ಕಳುಹಿಸುವ ಸೌಲಭ್ಯ ಅದೇ ತಂತ್ರಾಂಶದ ಒಳಗೆ ಇತ್ತು. ಬೆಂಗಳೂರಿನಲ್ಲಿ ಇಂಜಿನಿಯರನಾಗಿರುವ ನನ್ನ ಕಿರಿಯ ಮಗನಿಗೆ ತಿಳಿಯದ ಇದನ್ನು ತೋರಿಸಿಕೊಟ್ಟವನು ನಮ್ಮ ಓಣಿಯ ಮೊಬೈಲು ರಿಪೇರಿಯ ಹುಡುಗ. ತಂಬೂರಿಯ ನಾದವನ್ನೂ ಅದೇ ಫೋನಿನಿಂದ ನುಡಿಸಬಾರದೆಂಬುದು ಆಮೇಲೆ ತಿಳಿಯಿತು. ಅಷ್ಟು ಸಣ್ಣ ಬಾಯಿಯಿಂದ ಖರ್ಜದ ತಂತಿಯ ಆಳವಾದ ದನಿ ಹೊರಡುವುದೇ ಇಲ್ಲ. ಬೇರೊಂದು ಫೋನಿಗೆ ಸಾಧಾರಣವಾದ ಧ್ವನಿಪೆಟ್ಟಿಗೆಯೊಂದನ್ನು ಜೋಡಿಸಿದ ದಿನ, ಮೊಮ್ಮಗಳು ಹಾಡುವುದನ್ನು ಬಿಟ್ಟು ಎಷ್ಟೋ ಹೊತ್ತು ಸುಮ್ಮನೆ ಕೇಳುತ್ತ ಕುಳಿತಿದ್ದಳು.

ಇವೆಲ್ಲ ಹೊರಗಿನ ಅಣಿ. ನಾನು ಎಡವಿದ್ದು ಒಳಗಿನ ವಿಷಯದಲ್ಲಿ. ಭೂಪ ರಾಗದ ಚಿಕ್ಕ ಚೀಜೊಂದನ್ನು ಹಾಡಿ, ಧ್ವನಿಮುದ್ರಿಸಿ ಕಳುಹಿಸಬೇಕೆಂದು ಗುರುಗಳು ಒಮ್ಮೆ ಹೇಳಿದರು. ಮೊದಲ ಸಲ ಹಾಡಿದಾಗ ಸಮ್ ತಪ್ಪಿತು. ಅಳಿಸಿ ಮತ್ತೆ ಹಾಡಿಸಿದೆ. ಎರಡನೆಯ ಸಲ ಗಾಂಧಾರ ಸ್ವಲ್ಪ ಇಳಿದಂತಾಯಿತು, ಅದನ್ನೂ ಅಳಿಸಿದೆ. ಹೀಗೆ ಹದಿನಾಲ್ಕು ಸಲ. ರಾತ್ರಿ ಒಂಬತ್ತು ಗಂಟೆಗೆ ಹದಿನಾಲ್ಕನೆಯದು ನಿರ್ದೋಷವೆನಿಸಿ ಕಳುಹಿಸಿದೆವು. ಮರುದಿನ ಗುರುಗಳು ನನ್ನನ್ನೇ ಕರೆದು, ಮಗುವಿನ ಕಂಠ ಬಹಳ ದಣಿದಂತಿದೆ, ಇದು ಎಷ್ಟನೆಯ ಸಲ ಹಾಡಿದ್ದು, ಮೊದಲು ಹಾಡಿದ್ದು ಇದ್ದರೆ ಕಳುಹಿಸಿರಿ ಎಂದರು. ನಾನು ಅದನ್ನು ಅಳಿಸಿದ್ದೆ. ಸಮ್ ಎಲ್ಲಿ ತಪ್ಪುತ್ತಿದೆ, ಗಾಂಧಾರ ಏಕೆ ಇಳಿಯುತ್ತಿದೆ ಎಂಬುದನ್ನು ಅವರು ಅರಿಯಬೇಕಾದದ್ದು ಅದರಿಂದಲೇ. ಉತ್ತರಪತ್ರಿಕೆಯಲ್ಲಿ ಕಚ್ಚಾ ಲೆಕ್ಕವನ್ನು ಅಳಿಸಬೇಡಿರಿ, ನೀವು ತಪ್ಪಿದ ಜಾಗ ನನಗೆ ಕಾಣಬೇಕು ಎಂದು ಮೂವತ್ತನಾಲ್ಕು ವರ್ಷ ಈ ಶಾಲೆಯ ಮಕ್ಕಳಿಗೆ ಹೇಳಿದವನು ನಾನು! ಮನೆಯ ಕೂಸಿನ ಕಚ್ಚಾ ಲೆಕ್ಕವನ್ನು ನಾನೇ ಅಳಿಸಿ ಕುಳಿತಿದ್ದೆ. ಆ ವಾರ ಮೊಮ್ಮಗಳು, “ಅಜ್ಜಾ, ನೀ ಬಾಜೂಕ ಕುಂತ್ರ ನನಗ ಹಾಡಾಕ ಹೆದರಿಕಿ ಆಗ್ತೈತಿ” ಎಂದಳು. ಒಂದು ಪಾಠಕ್ಕೆ ಕುಳ್ಳಿರಲೂ ಇಲ್ಲ.

ನಾನು ಮತ್ತೆ ಒಳಗೆ ಹೋದದ್ದು ಪರೀಕ್ಷಕನಾಗಿ ಅಲ್ಲ. “ತಂಗೀ, ನನಗೂ ಕಲಸು” ಎಂದು ಕೇಳಿಕೊಂಡೆ. ಭೂಪದಲ್ಲಿ ಮಧ್ಯಮವೂ ನಿಷಾದವೂ ಇಲ್ಲವೆಂದು ಅವಳು ಬೆರಳೆಣಿಸಿ ತೋರಿಸಿದಳು. ಗಾಂಧಾರದಿಂದ ಪಂಚಮಕ್ಕೆ ಹೋಗುವಾಗ ನಡುವಿನ ಮಧ್ಯಮವನ್ನು ಹೇಗೆ ಮುಟ್ಟದೆ ದಾಟಬೇಕೆಂಬುದನ್ನು ನನಗೆ ಹೇಳಿಕೊಡಲು ಹೋಗಿ, ತಾನೇ ಅದನ್ನು ಹತ್ತು ಸಲ ಹಾಡಿದಳು. ನನ್ನ ದನಿ ಕೇಳಿ ನಕ್ಕಳು, ನಗಲಿ. ತೀನತಾಲದ ಹದಿನಾರು ಮಾತ್ರೆಗಳ ಲೆಕ್ಕ ಮಾತ್ರ ನನಗೆ ಸಲೀಸಾಗಿ ಬಂದಿತು. ಒಂದಕ್ಕೆ ಸಮ್, ಐದಕ್ಕೆ ತಾಳಿ, ಒಂಬತ್ತಕ್ಕೆ ಖಾಲಿ, ಹದಿಮೂರಕ್ಕೆ ಮತ್ತೆ ತಾಳಿ. ಗುರುಗಳು ದೂರದಿಂದ ಹಾಕುವ ತಾಳ ತಡವಾಗಿ ತಲುಪುವುದರಿಂದ, ಪಕ್ಕದಲ್ಲಿ ಕುಳಿತು ಕೈತಾಳ ಹಾಕುವುದೇ ನನ್ನ ನಿಜವಾದ ಉದ್ಯೋಗವಾಯಿತು. ಈಗ ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಅಭ್ಯಾಸ. ರವಿವಾರಕ್ಕೆ ಎಲ್ಲವನ್ನೂ ಕೂಡಿಹಾಕುವ ಪದ್ಧತಿಯನ್ನು ಬಿಟ್ಟಿದ್ದೇವೆ. ಮೊದಲು ಹಾಡಿದ್ದನ್ನೇ ಗುರುಗಳಿಗೆ ಕಳುಹಿಸುತ್ತೇವೆ. ನಾನು ತಿದ್ದುವುದಿಲ್ಲ.

ಇಷ್ಟೆಲ್ಲ ನನ್ನ ಮನೆಯ ಕಥೆಯನ್ನು ಹೇಳಿದ್ದು ನಮ್ಮ ವಿದ್ಯಾರ್ಥಿನಿಲಯದ ಒಬ್ಬ ಬಾಲಕನ ಸಲುವಾಗಿ. ಎಂಟನೆಯ ತರಗತಿಯ ಈ ಹುಡುಗ ಬೆಳಗಿನ ಪ್ರಾರ್ಥನೆಗೆ ಮುಂದಾಳು. ಅವನು ವಚನವೊಂದನ್ನು ಎತ್ತಿಕೊಂಡರೆ ಅಡುಗೆಮನೆಯ ತಾಯಂದಿರೂ ಕೈಕೆಲಸ ಬಿಟ್ಟು ನಿಲ್ಲುತ್ತಿದ್ದರು. ಅವನಿಗೂ ಆನ್‌ಲೈನ್ ಸಂಗೀತ ಪಾಠಕ್ಕೆ ಸೇರುವ ಅವಕಾಶ ದೊರೆಯಿತು. 2020ರ ಮಾರ್ಚ್‌ನಲ್ಲಿ ಶಾಲೆಗಳ ಬಾಗಿಲು ಮುಚ್ಚಿದ ಕಾಲದಿಂದ ದಾನಿಗಳು ಔದಾರ್ಯದಿಂದ ಕೊಡುತ್ತ ಬಂದ ಟ್ಯಾಬ್ಲೆಟ್ಟುಗಳಲ್ಲಿ ಒಂದನ್ನು ಅವನ ಕೈಗೆ ಕೊಟ್ಟರು. ದೀಪಾವಳಿಯ ಹೊತ್ತಿಗೆ ಅವನು ಪಾಠವನ್ನು ಬಿಟ್ಟಿದ್ದ. ಪ್ರಾರ್ಥನೆಯಲ್ಲಿಯೂ ಹಿಂದಿನ ಸಾಲಿಗೆ ಸರಿದಿದ್ದ. ಕೇಳಿದವರಿಗೆಲ್ಲ “ನೆಟ್ ಬರಂಗಿಲ್ರೀ ಸರ್” ಎಂಬ ಒಂದೇ ಉತ್ತರ. ಒಂದು ದಿನ ನಿಲಯದ ಅಂಗಳದಲ್ಲಿ ಅವನು ಗೆಳೆಯರೊಡನೆ ಮಾತನಾಡುತ್ತಿದ್ದುದು ನನ್ನ ಕಿವಿಗೆ ಬಿದ್ದಾಗ ನಿಜವಾದ ಕಾರಣ ತಿಳಿಯಿತು. ಅವನ ದನಿ ಒಡೆದಿತ್ತು.

ಹನ್ನೆರಡರಿಂದ ಹದಿನೈದು ವರ್ಷದೊಳಗೆ ಗಂಡುಮಕ್ಕಳ ಧ್ವನಿತಂತುಗಳು ಉದ್ದವಾಗಿ ದಪ್ಪವಾಗಿ ಬೆಳೆದು, ದನಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳಲ್ಲಿಯೂ ದನಿ ಕೆಲವು ಸ್ವರಗಳಷ್ಟು ಇಳಿಯುತ್ತದೆ, ಅದು ಅಷ್ಟಾಗಿ ಎದ್ದುಕಾಣುವುದಿಲ್ಲ. ಹೊಸ ದನಿ ನೆಲೆಗೊಳ್ಳಲು ಕೆಲವರಿಗೆ ಕೆಲವೇ ತಿಂಗಳು, ಕೆಲವರಿಗೆ ವರ್ಷಕ್ಕೂ ಮೇಲೆ ಬೇಕು. ಇದು ರೋಗವಲ್ಲ, ದೃಷ್ಟಿಯೂ ಅಲ್ಲ. ಹಾಡುವುದನ್ನು ಪೂರ್ತಿಯಾಗಿ ನಿಲ್ಲಿಸಬೇಕಾಗಿಲ್ಲ. ಶ್ರುತಿಯನ್ನು ಇಳಿಸಿಕೊಂಡು, ತಾರಷಡ್ಜಕ್ಕೆ ಕೂಗದೆ, ಮೆಲ್ಲನೆ ನಡುವಿನ ಸ್ವರಗಳಲ್ಲಿ ಹಾಡುತ್ತಿದ್ದರೆ ಸಾಕು. ಮಾಧ್ಯಮಿಕ ಹಂತದ ಸಂಗೀತ ಪಾಠವು ಸರಿಯಾಗಿ ಈ ವಯಸ್ಸಿನ ಮೇಲೆಯೇ ಬಂದು ನಿಲ್ಲುತ್ತದೆ. ಎದುರಿಗೆ ಗುರುವಿದ್ದರೆ ಹುಡುಗ ಬಾಯಿ ತೆರೆದ ಕ್ಷಣದಲ್ಲಿಯೇ ತಿಳಿದು ಪೇಟಿಯ ಮನೆಯನ್ನು ಬದಲಿಸುತ್ತಿದ್ದರು. ಇಪ್ಪತ್ತು ಮಕ್ಕಳು ಇಪ್ಪತ್ತು ಚೌಕಗಳಲ್ಲಿ ಕಾಣುವ ಪಾಠದಲ್ಲಿ, ದನಿಯನ್ನು ಮುಚ್ಚಿಟ್ಟುಕೊಂಡು ಬಾಯಿ ಮಾತ್ರ ಆಡಿಸುವ ಹುಡುಗನನ್ನು ಗುರುತಿಸುವವರಾರು? ಮನೆಯಲ್ಲಾದರೆ ಅಜ್ಜನೋ ಅವ್ವನೋ ಗುರುತಿಸಿಯಾರು. ನಿಲಯದಲ್ಲಿ ಅವನ ಪಕ್ಕ ಯಾರೂ ಕುಳಿತಿರಲಿಲ್ಲ. ವಾರ್ಡನ್ ಮಹಾಶಯರನ್ನು ನಾನು ದೂರಲಾರೆ. ನೂರಾರು ಮಕ್ಕಳ ಊಟ, ಔಷಧ, ಅಭ್ಯಾಸಗಳ ನಡುವೆ ಅವರಿಗೆ ಇರುವುದು ಎರಡೇ ಕಿವಿ.

ಆದ್ದರಿಂದ ದಾನಿ ಮಹನೀಯರಲ್ಲಿ ನನ್ನದೊಂದು ಬಿನ್ನಹವಿದೆ. ಯಂತ್ರಗಳು ಈಗ ನಮ್ಮಲ್ಲಿ ಸಾಕಷ್ಟಿವೆ. ಕೆಲವಂತೂ ಕಪಾಟಿನಲ್ಲಿ ಪ್ಯಾಕಿನೊಳಗೇ ಇವೆ ಎಂಬುದನ್ನು ಸಂಕೋಚದಿಂದಲೇ ಹೇಳುತ್ತೇನೆ. ಇನ್ನಷ್ಟು ಟ್ಯಾಬ್ಲೆಟ್ಟುಗಳ ಬದಲು ಒಂದು ಕೋಣೆಯನ್ನು ಕೊಡಿರಿ. ಪ್ರಾರ್ಥನಾ ಮಂದಿರದ ಹಿಂಬದಿಯ ಹಳೆಯ ಗ್ರಂಥಾಲಯದ ಕೋಣೆ ಖಾಲಿಯಿದೆ. ಕಿಟಕಿಗೆ ದಪ್ಪನೆಯ ಪರದೆ, ನೆಲಕ್ಕೊಂದು ಜಮಖಾನೆ, ತಂತಿಯ ಮೂಲಕ ಬರುವ ನೆಟ್ ಸಂಪರ್ಕ, ಒಂದು ಧ್ವನಿಪೆಟ್ಟಿಗೆ, ಒಂದು ಪೇಟಿ, ಸಾಧ್ಯವಾದರೆ ಮೀರಜದಿಂದ ತರಿಸಿದ ಒಂದು ನಿಜವಾದ ತಂಬೂರಿ. ನಾಲ್ಕು ಟ್ಯಾಬ್ಲೆಟ್ಟುಗಳ ಬೆಲೆಗಿಂತ ಇದು ಬಹಳವೇನೂ ಹೆಚ್ಚಾಗಲಿಕ್ಕಿಲ್ಲ. ಮನೆಯಲ್ಲಿ ಫೋನಿಲ್ಲದ, ಇದ್ದರೂ ಒಂದೇ ಕೋಣೆಯಲ್ಲಿ ಆರು ಜನ ವಾಸಿಸುವ ಊರ ಮಕ್ಕಳೂ ಅಲ್ಲಿಗೆ ಬಂದು ಕಲಿಯಬಹುದು.

ಹಳೆಯ ವಿದ್ಯಾರ್ಥಿಗಳಲ್ಲಿ ಕೇಳುವುದು ಹಣವನ್ನಲ್ಲ. ಈ ಊರಿನಲ್ಲಿಯೇ ನಿವೃತ್ತರಾಗಿ, ಸಂಜೆಯ ಹೊತ್ತು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ದೇಶದ ರಾಜಕಾರಣವನ್ನು ತಿದ್ದುತ್ತ ಕೂಡುವ ನನ್ನ ಸಮವಯಸ್ಕರು ಹತ್ತು ಹನ್ನೆರಡು ಮಂದಿ ಇದ್ದೇವೆ. ವಾರಕ್ಕೆ ಒಂದು ತಾಸು ಆ ಕೋಣೆಯಲ್ಲಿ ಮಗುವಿನ ಪಕ್ಕದಲ್ಲಿ ಕುಳಿತರೆ ಆಯಿತು. ರಾಗಜ್ಞಾನ ಬೇಕಾಗಿಲ್ಲ. ಹದಿನಾರರವರೆಗೆ ಎಣಿಸಲು ಬಂದರೆ ಸಾಕು, ತಿದ್ದದೆ ಇರಲು ಬಂದರೆ ಇನ್ನೂ ಒಳ್ಳೆಯದು. ಶಿಕ್ಷಕ ಬಂಧುಗಳು ಆನ್‌ಲೈನ್ ಗುರುಗಳಿಗೆ ತಿಂಗಳಿಗೊಮ್ಮೆ ನಾಲ್ಕು ಸಾಲು ಬರೆದು, ಯಾವ ಮಗುವಿನ ದನಿ ಒಡೆದಿದೆ, ಯಾವುದು ಕೆಮ್ಮಿನಿಂದ ನರಳಿದೆ, ಯಾವುದು ಮನೆಯ ನೆನಪಿನಿಂದ ಮಂಕಾಗಿದೆ ಎಂಬುದನ್ನು ತಿಳಿಸಿದರೆ, ಅಷ್ಟು ದೂರದಲ್ಲಿರುವ ಅವರಿಗೂ ಕಲಿಸುವುದು ಸುಲಭವಾದೀತು.

ಕೋಣೆಯ ವಿಷಯವನ್ನು ಆಡಳಿತ ಮಂಡಳಿಯ ಮುಂದಿನ ಸಭೆಗೆ ಇಡುವುದಾಗಿ ಕಾರ್ಯದರ್ಶಿಗಳು ಒಪ್ಪಿದ್ದಾರೆ. ಅಲ್ಲಿಯವರೆಗೆ ಕಾಯಲು ಆ ಬಾಲಕನ ವಯಸ್ಸು ಬಿಡುವುದಿಲ್ಲವಾಗಿ, ಅನುಮತಿ ಪಡೆದು, ಸೋಮವಾರ ಮತ್ತು ಗುರುವಾರ ಅವನನ್ನು ನಮ್ಮ ಮನೆಗೇ ಕರೆದುಕೊಂಡು ಬರುತ್ತಿದ್ದೇನೆ. ಮೊಮ್ಮಗಳ ಗುರುಗಳೇ ಅವನಿಗೂ ಪಾಠ ಹೇಳುತ್ತಿದ್ದಾರೆ. ಕಪ್ಪು ನಾಲ್ಕರಲ್ಲಿ ಹಾಡುತ್ತಿದ್ದವನನ್ನು ಅವರು ಕಪ್ಪು ಒಂದಕ್ಕೆ ಇಳಿಸಿದ್ದಾರೆ. ಮೊದಲ ಎರಡು ಪಾಠಗಳಲ್ಲಿ ಅವನು ಬಾಯಿ ತೆರೆಯಲಿಲ್ಲ. ನಾನು ಕೈತಾಳ ಹಾಕುತ್ತ ಕುಳಿತಿದ್ದೆ. ಕಳೆದ ಗುರುವಾರ ಮಂದ್ರದ ಪಂಚಮವನ್ನು ಮುಟ್ಟಿದ. ಆ ಸ್ವರ ತನಗೆ ಮೊದಲು ಸಿಗುತ್ತಲೇ ಇರಲಿಲ್ಲವೆಂದು, ದಾರಿಯಲ್ಲಿ ಮರಳಿ ನಿಲಯಕ್ಕೆ ಹೋಗುವಾಗ ನನಗೆ ಹೇಳಿದ.