ನರಕೋಶದ ತೂಬುಗಳು ಮತ್ತು ಮೂರ್ಛೆರೋಗ

ಅಪಸ್ಮಾರ, ಮೂರ್ಛೆರೋಗ, ಫಿಟ್ಸ್ ಎಂಬ ನಾನಾ ಹೆಸರುಗಳುಳ್ಳ ವ್ಯಾಧಿಯನ್ನು ಕುರಿತು ನಮ್ಮ ಸಮಾಜದಲ್ಲಿ ಮಾತಿಗಿಂತ ಮೌನವೇ ಹೆಚ್ಚು. ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ನೆಂಟರಿಷ್ಟರ ಮುಂದೆ ಸಂಕೋಚವಿಲ್ಲದೆ ಹೇಳಿಕೊಳ್ಳುವ ಮನೆಗಳೇ, ಮಗಳಿಗೆ ಮೂರ್ಛೆ ಬರುವ ಸಂಗತಿ ಹೊಸ್ತಿಲು ದಾಟದಂತೆ ಕಾಯುತ್ತವೆ. ಪೂರ್ವಜನ್ಮದ ಕರ್ಮ, ಗಾಳಿಸೋಂಕು, ಮನೆತನದ ಕಳಂಕ ಎಂಬ ಕಲ್ಪನೆಗಳು ಈ ಮೌನಕ್ಕೆ ಆಧಾರ. ಆ ಕ್ಷಣದಲ್ಲಿ ಮಿದುಳಿನೊಳಗೆ ನಿಜವಾಗಿ ನಡೆಯುವುದೇನು ಎಂಬುದನ್ನು ತಿಳಿದರೆ ಈ ಕಲ್ಪನೆಗಳು ತಾವಾಗಿಯೇ ಸಡಿಲವಾಗುತ್ತವೆ ಎಂಬುದು ನಮ್ಮ ನಂಬಿಕೆ. ಆದುದರಿಂದ ಮೊದಲು ಶರೀರದ ವಿಚಾರವನ್ನು ಹೇಳಿ, ಅನಂತರ ನಮ್ಮ ಅಭಿಪ್ರಾಯವನ್ನು ಸದ್ಭಕ್ತರ ಮುಂದಿಡುತ್ತೇವೆ.

ನಮ್ಮ ಪ್ರತಿಯೊಂದು ನರಕೋಶವನ್ನೂ ಸ್ನಾಯುಕೋಶವನ್ನೂ ಕೊಬ್ಬಿನಿಂದಾದ ಪೊರೆಯೊಂದು ಸುತ್ತುವರಿದಿದೆ. ಅದರ ದಪ್ಪ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಭಾಗದಷ್ಟು ಮಾತ್ರ. ಪೊರೆಯ ಒಳಗೂ ಹೊರಗೂ ಇರುವುದು ಉಪ್ಪುನೀರು. ನೀರಿನಲ್ಲಿ ಕರಗಿದ ಲವಣಗಳು ವಿದ್ಯುದಂಶವನ್ನು ಹೊತ್ತ ಕಣಗಳಾಗಿ ಒಡೆಯುತ್ತವೆ. ಇವುಗಳಿಗೆ ಅಯಾನುಗಳೆಂದು ಹೆಸರು. ಪೊರೆಯ ಹೊರಗೆ ಸೋಡಿಯಂ ಅಧಿಕ, ಒಳಗೆ ಪೊಟ್ಯಾಸಿಯಂ ಅಧಿಕ. ಈ ವ್ಯತ್ಯಾಸವನ್ನು ಕಾಯ್ದುಕೊಂಡು ಬರುವುದು ಪೊರೆಯಲ್ಲಿಯೇ ನೆಲೆಸಿರುವ ಒಂದು ಏತ. ಅದು ಪ್ರತಿ ಬಾರಿಯೂ 3 ಸೋಡಿಯಂ ಅಯಾನುಗಳನ್ನು ಹೊರಗೆಸೆದು 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆಯುತ್ತದೆ. ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಮಿದುಳೊಂದೇ ಬಳಸುತ್ತದೆ. ಅದರ ದೊಡ್ಡ ಪಾಲು ಈ ಏತದ ದುಡಿಮೆಗೇ ಸಲ್ಲುತ್ತದೆ. ಇದರ ಫಲವಾಗಿ ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ಗಳಷ್ಟು ಋಣವಾಗಿರುತ್ತದೆ. ತುಂಬಿದ ಕೆರೆಯ ನೀರು ಏರಿಯನ್ನು ಒತ್ತಿ ನಿಂತಂತೆ ಸೋಡಿಯಂ ಒಳನುಗ್ಗಲು ಸದಾ ಕಾದಿರುತ್ತದೆ.

ಕೆರೆಯ ಏರಿಗೆ ತೂಬು ಇರುವಂತೆ ಈ ಪೊರೆಗೂ ತೂಬುಗಳಿವೆ. ಅವೇ ಅಯಾನು ಕಾಲುವೆಗಳು. ಪ್ರೋಟೀನಿನಿಂದಾದ ಈ ಸೂಕ್ಷ್ಮ ರಂಧ್ರಗಳು ತಮಗೆ ನಿಯಮಿತವಾದ ಅಯಾನನ್ನು ಮಾತ್ರ ಬಿಟ್ಟುಕೊಡುತ್ತವೆ. ಪೊಟ್ಯಾಸಿಯಂ ಕಾಲುವೆಯು ಪೊಟ್ಯಾಸಿಯಮ್ಮಿಗಿಂತ ಚಿಕ್ಕದಾದ ಸೋಡಿಯಮ್ಮನ್ನು ಸಹ ಹೋಗಗೊಡದು. ತೆರೆದ ಒಂದು ಕಾಲುವೆಯಿಂದ ಸೆಕೆಂಡಿಗೆ ಕೋಟಿಯ ಲೆಕ್ಕದಲ್ಲಿ ಅಯಾನುಗಳು ಹರಿಯಬಲ್ಲವು. ನರಕೋಶಕ್ಕೆ ಪ್ರಚೋದನೆ ದೊರೆತು ಒಳಗಿನ ಋಣತ್ವ ಒಂದು ಮಿತಿಗಿಂತ ಕುಗ್ಗಿದೊಡನೆ ಸೋಡಿಯಂ ತೂಬುಗಳು ತೆರೆಯುತ್ತವೆ, ಸೋಡಿಯಂ ಒಳನುಗ್ಗುತ್ತದೆ. ಮರುಕ್ಷಣವೇ ಆ ತೂಬುಗಳು ಮುಚ್ಚಿಕೊಂಡು ಪೊಟ್ಯಾಸಿಯಂ ತೂಬುಗಳು ತೆರೆಯುತ್ತವೆ. ಪೊಟ್ಯಾಸಿಯಂ ಹೊರಹರಿದು ಕೋಶವು ಮೊದಲಿನ ಸ್ಥಿತಿಗೆ ಮರಳುತ್ತದೆ. ಇಷ್ಟೆಲ್ಲ ನಡೆಯಲು ಬೇಕಾದ ಕಾಲ ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ. ಈ ಅಲೆ ನರದುದ್ದಕ್ಕೂ ಸಾಗಿ ತುದಿಯನ್ನು ತಲುಪಿದಾಗ ಅಲ್ಲಿ ಕ್ಯಾಲ್ಸಿಯಂ ತೂಬುಗಳು ತೆರೆದು ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ಅದು ಸ್ನಾಯುಕೋಶದ ತೂಬುಗಳನ್ನು ತೆರೆಯುತ್ತದೆ. ಸ್ನಾಯುವಿನೊಳಗೆ ಸಂಗ್ರಹವಾಗಿದ್ದ ಕ್ಯಾಲ್ಸಿಯಂ ಬಿಡುಗಡೆಯಾಗಿ ಸ್ನಾಯು ಸಂಕುಚಿಸುತ್ತದೆ. ರೊಟ್ಟಿ ತಟ್ಟುವ ಕೈಯ ಪ್ರತಿಯೊಂದು ಬಡಿತದ ಹಿಂದೆಯೂ ಇರುವುದು ಇದೇ ಕ್ರಮ.

ಇದು ಊಹೆಯ ಮಾತಲ್ಲ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನಲ್ಲಿ ಈ ಪ್ರವಾಹಗಳನ್ನು ಅಳೆದು 1952ರಲ್ಲಿ ಗಣಿತದ ಸೂತ್ರಗಳಲ್ಲಿ ನಿರೂಪಿಸಿದರು. 1963ರಲ್ಲಿ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಜರ್ಮನಿಯ ನೇಹರ್ ಮತ್ತು ಸಕ್‌ಮನ್ ಒಂದೇ ಒಂದು ಕಾಲುವೆಯ ಮೂಲಕ ಹರಿಯುವ ಪ್ರವಾಹವನ್ನು ದಾಖಲಿಸಿ 1976ರಲ್ಲಿ ಪ್ರಕಟಿಸಿದರು. 1998ರಲ್ಲಿ ಅಮೆರಿಕದ ಮೆಕಿನನ್ ಪೊಟ್ಯಾಸಿಯಂ ಕಾಲುವೆಯ ಪರಮಾಣು ಮಟ್ಟದ ರಚನೆಯನ್ನೇ ತೋರಿಸಿದರು. ತಾಯಿತದಂತೆ ನಂಬಿಕೆಯಿಂದ ಒಪ್ಪಬೇಕಾದ ವಿಷಯ ಇದಲ್ಲ. ಯಂತ್ರದಿಂದ ಅಳೆದು ನೋಡಿದ ವಿಷಯ.

ಸ್ವಸ್ಥವಾದ ಮಿದುಳಿನಲ್ಲಿ ಕೋಟ್ಯಂತರ ನರಕೋಶಗಳು ತಮ್ಮ ತಮ್ಮ ಸರದಿಯಲ್ಲಿ ತೂಬು ತೆರೆದು ಮುಚ್ಚುತ್ತವೆ. ಒಂದನ್ನು ಪ್ರಚೋದಿಸುವ ಕೋಶಗಳಿರುವಂತೆ ತಡೆಯುವ ಕೋಶಗಳೂ ಉಂಟು. ಈ ಸಮತೋಲ ತಪ್ಪಿ, ಒಂದು ಭಾಗದ ಅಥವಾ ಇಡೀ ಮಿದುಳಿನ ಕೋಶಗಳು ಏಕಕಾಲಕ್ಕೆ ಎಡೆಬಿಡದೆ ವಿದ್ಯುತ್ತನ್ನು ಹರಿಸತೊಡಗಿದಾಗ ಮೂರ್ಛೆ ಉಂಟಾಗುತ್ತದೆ. ಕೆಲವರಲ್ಲಿ ಕಾಲುವೆಗಳನ್ನು ರೂಪಿಸುವ ಜೀನಿನಲ್ಲಿಯೇ ದೋಷವಿರುತ್ತದೆ. ಹಲವರಲ್ಲಿ ಜನನಕಾಲದಲ್ಲಿ ಪ್ರಾಣವಾಯು ಸಾಲದೆ ಹೋದದ್ದು, ತಲೆಗೆ ಬಿದ್ದ ಪೆಟ್ಟು, ಮಿದುಳಿನ ಸೋಂಕು, ಲಾಡಿಹುಳುವಿನ ಮರಿಗಳು, ಪಾರ್ಶ್ವವಾಯು, ಗಡ್ಡೆ ಇವುಗಳಲ್ಲೊಂದು ಕಾರಣವಾಗಿರುತ್ತದೆ. ಮತ್ತೆ ಕೆಲವರಲ್ಲಿ ಕಾರಣ ಗೊತ್ತಾಗುವುದೇ ಇಲ್ಲ. ಕಾರಣ ಯಾವುದಾದರೂ ವಿದ್ಯುತ್ತು ಹರಿಯುವ ದಾರಿ ಮಾತ್ರ ಈ ತೂಬುಗಳೇ. ಕೈಕಾಲು ಸೆಟೆದು ಅದುರುವುದು ಇದರ ಒಂದು ರೂಪ. ಮಗುವು ಕೆಲವು ಕ್ಷಣ ಶೂನ್ಯದೃಷ್ಟಿಯಿಂದ ನೋಡಿ ಸುಮ್ಮನಾಗುವುದು ಇನ್ನೊಂದು ರೂಪ. ಎರಡನೆಯದನ್ನು ಶಾಲೆಯಲ್ಲಿ ಅಲಕ್ಷ್ಯವೆಂದು ಭಾವಿಸಿ ಮಗುವನ್ನು ದಂಡಿಸುವುದುಂಟು.

ಮೂರ್ಛೆ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡುವ, ಮೂಗಿಗೆ ಈರುಳ್ಳಿ ಹಿಡಿಯುವ ರೂಢಿ ಇಂದಿಗೂ ಉಳಿದಿದೆ. ಅದರಿಂದ ಮೂರ್ಛೆ ನಿಂತಿತು ಎಂದು ಪ್ರಮಾಣ ಮಾಡುವವರೂ ಇದ್ದಾರೆ. ಅವರು ಸುಳ್ಳಾಡುತ್ತಿಲ್ಲ. ಬಹುತೇಕ ಮೂರ್ಛೆಗಳು ಎರಡು ಮೂರು ನಿಮಿಷಗಳೊಳಗೆ ತಾವಾಗಿಯೇ ನಿಲ್ಲುತ್ತವೆ. ಬೀಗದ ಕೈ ಹುಡುಕಿ ತರುವುದಕ್ಕೂ ಅಷ್ಟೇ ಹೊತ್ತು ಬೇಕು! ಕೀರ್ತಿ ಕಬ್ಬಿಣಕ್ಕೆ ಹೋಗುತ್ತದೆ. ಆಗ ಮಾಡಬೇಕಾದದ್ದು ಬಹಳ ಸರಳ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿರಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿರಿ, ಕೊರಳ ಬಳಿಯ ಗುಂಡಿ ಸಡಿಲಿಸಿರಿ, ಗಡಿಯಾರ ನೋಡಿರಿ. ಬಾಯಿಗೆ ಚಮಚ, ನೀರು, ಬಟ್ಟೆ ಏನನ್ನೂ ಹಾಕಬೇಡಿರಿ. ಅದುರುವ ಕೈಕಾಲುಗಳನ್ನು ಅದುಮಿ ಹಿಡಿಯಬೇಡಿರಿ. ಮೂರ್ಛೆ 5 ನಿಮಿಷ ಮೀರಿದರೆ, ಎಚ್ಚರವಾಗುವ ಮೊದಲೇ ಮತ್ತೊಂದು ಬಂದರೆ, ಅಥವಾ ಅದು ಜೀವನದ ಮೊದಲ ಮೂರ್ಛೆಯಾಗಿದ್ದರೆ ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಔಷಧದ ವಿಚಾರ. ‘ಫಿಟ್ಸ್ ಮಾತ್ರೆ ನುಂಗಿದರೆ ಬುದ್ಧಿ ಮಂಕಾಗುತ್ತದೆ’ ಎಂಬ ಭಯ ಅನೇಕರಲ್ಲಿದೆ. 1938ರಿಂದ ಬಳಕೆಯಲ್ಲಿರುವ ಫೆನಿಟಾಯಿನ್, ಅನಂತರ ಬಂದ ಕಾರ್ಬಮಜೆಪೀನ್ ಇವೆರಡೂ ಸೋಡಿಯಂ ತೂಬುಗಳ ಮೇಲೆಯೇ ಕೆಲಸ ಮಾಡುತ್ತವೆ. ಪದೇ ಪದೇ ತೆರೆದು ದಣಿದ ತೂಬುಗಳಿಗೆ ಇವು ಹೆಚ್ಚಾಗಿ ಅಂಟಿಕೊಂಡು ಅವು ಬೇಗನೆ ಮತ್ತೆ ತೆರೆಯದಂತೆ ತಡೆಯುತ್ತವೆ. ತನ್ನ ಸರದಿಯಲ್ಲಿ ಶಾಂತವಾಗಿ ದುಡಿಯುವ ಕೋಶಕ್ಕೆ ಇವುಗಳ ಬಾಧೆ ಕಡಿಮೆ. ತೂಕಡಿಕೆ, ತಲೆಸುತ್ತು ಮೊದಲಾದ ತೊಂದರೆಗಳು ಕೆಲವರಿಗೆ ಆಗುವುದು ನಿಜ. ಅದಕ್ಕೆ ಪರಿಹಾರ ವೈದ್ಯರಿಗೆ ತಿಳಿಸಿ ಪ್ರಮಾಣವನ್ನು ಅಥವಾ ಔಷಧವನ್ನು ಬದಲಾಯಿಸಿಕೊಳ್ಳುವುದೇ ಹೊರತು ತಾವೇ ನಿಲ್ಲಿಸುವುದಲ್ಲ. ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಬರುವ ಮೂರ್ಛೆಯಿಂದ ಪ್ರಾಣಕ್ಕೇ ಅಪಾಯ. ಎಲ್ಲರಿಗೂ ಒಂದೇ ಮಾತ್ರೆ ಒಪ್ಪುವುದಿಲ್ಲವೆಂಬುದನ್ನೂ ನೆನಪಿಡಬೇಕು. ಸೋಡಿಯಂ ಕಾಲುವೆಯ ಜನ್ಮದೋಷದಿಂದ ಬರುವ ಡ್ರಾವೆ ಎಂಬ ವ್ಯಾಧಿಯಲ್ಲಿ ಮೇಲೆ ಹೇಳಿದ ಔಷಧಗಳೇ ರೋಗವನ್ನು ಉಲ್ಬಣಗೊಳಿಸುತ್ತವೆ. ನೆರೆಮನೆಯವರ ಚೀಟಿ ನೋಡಿ ಮಾತ್ರೆ ಕೊಳ್ಳಬಾರದೆಂಬುದಕ್ಕೆ ಬೇರೆ ನಿದರ್ಶನ ಬೇಡ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ. ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ಶೇಕಡಾ 70ರಷ್ಟು ಜನ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಬಗೆಯೂ ಉಂಟು. ತಲೆಯ ಮೇಲೆ ಸುಡುಸುಡುವ ನೀರನ್ನು ತಂಬಿಗೆಯ ಮೇಲೆ ತಂಬಿಗೆಯಾಗಿ ಸುರಿದುಕೊಳ್ಳುವಾಗ ಬರುವ ಬಿಸಿನೀರಿನ ಮೂರ್ಛೆಯನ್ನು ಬೆಂಗಳೂರಿನ ವೈದ್ಯರು 1960ರ ದಶಕದಿಂದಲೇ ವರದಿಮಾಡಿದ್ದಾರೆ; ದಕ್ಷಿಣ ಕರ್ನಾಟಕದಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ. ಎಣ್ಣೆಸ್ನಾನದ ದಿನ ಬಚ್ಚಲಲ್ಲಿ ಬಿದ್ದವರನ್ನು ಗಾಳಿ ಮೆಟ್ಟಿತೆಂದು ಮಂತ್ರಿಸಲು ಒಯ್ಯುವ ಮುನ್ನ ಇದನ್ನು ನೆನೆಯಬೇಕು. ನೀರನ್ನು ಉಗುರುಬೆಚ್ಚಗೆ ಮಾಡಿ ನಿಧಾನವಾಗಿ ಹಾಕಿಕೊಂಡರೆ ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಸಾಲದವರಿಗೆ ತಲೆಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆಯನ್ನು ವೈದ್ಯರು ಸೂಚಿಸುತ್ತಾರೆ.

ನಮ್ಮ ಮನಸ್ಸನ್ನು ಹೆಚ್ಚಾಗಿ ಕಾಡುವುದು ವಿವಾಹದ ಪ್ರಶ್ನೆ. ರೋಗವನ್ನು ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಹೊಸ ಮನೆಯಲ್ಲಿ ಹುಡುಗಿ ಮಾತ್ರೆಯನ್ನು ಕದ್ದು ನುಂಗಬೇಕಾಗುತ್ತದೆ, ಕೆಲವು ದಿನ ತಪ್ಪಿಸುತ್ತಾಳೆ, ಮದುವೆಯ ದಣಿವು ನಿದ್ರೆಗೇಡುಗಳೂ ಸೇರಿ ಮೂರ್ಛೆ ಮರುಕಳಿಸುತ್ತದೆ. ಬಳಿಕ ತವರಿಗೆ ಕಳುಹಿಸುವುದು, ಪಂಚಾಯಿತಿ, ಕಣ್ಣೀರು. ವೀರಶೈವ ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿರುವ 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವುಳ್ಳವರ ವಿವಾಹಕ್ಕೆ ತೊಡಕಾಗಿದ್ದ ಮಾತನ್ನು ಸಂಸತ್ತು 1999ರ ತಿದ್ದುಪಡಿಯಿಂದ ತೆಗೆದುಹಾಕಿತು. ಕಾನೂನು ಬಿಟ್ಟುಕೊಟ್ಟದ್ದನ್ನು ಸಮಾಜ ಇನ್ನೂ ಹಿಡಿದುಕೊಂಡಿದೆ. ಮುಚ್ಚಿಡುವ ತಂದೆತಾಯಿಗಳನ್ನಷ್ಟೇ ದೂರುವುದು ಸುಲಭ. ಆದರೆ ನಿಜ ಹೇಳಿದ ಮನೆಯ ಬಾಗಿಲಿನಿಂದ ನಾವೇ ಹಿಂದಿರುಗುತ್ತಿದ್ದರೆ ಅವರು ಹೇಳುವುದಾದರೂ ಹೇಗೆ? ಔಷಧ ಸೇವಿಸುತ್ತಿರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತ ಮಕ್ಕಳನ್ನು ಹಡೆಯುತ್ತಾರೆ. ಆದರೆ ವಾಲ್‌ಪ್ರೊಯೇಟ್ ಎಂಬ ಔಷಧ ಗರ್ಭಸ್ಥ ಶಿಶುವಿಗೆ ಹಾನಿಕರ. ಆದುದರಿಂದ ಗರ್ಭ ನಿಲ್ಲುವ ಮೊದಲೇ ವೈದ್ಯರ ಸಲಹೆ ಪಡೆದು ಔಷಧ ಬದಲಿಸಿಕೊಳ್ಳಬೇಕು. ರೋಗ ಗುಟ್ಟಾಗಿರುವ ಮನೆಯಲ್ಲಿ ಈ ಸಲಹೆಗೆ ಅವಕಾಶವೇ ಇರುವುದಿಲ್ಲ. ಗುಟ್ಟಿನ ಬೆಲೆಯನ್ನು ಹುಟ್ಟಲಿರುವ ಕೂಸು ತೆರಬೇಕಾಗುತ್ತದೆ.

ಹರಕೆ ಹೊರುವವರನ್ನು, ವಿಭೂತಿ ಹಚ್ಚುವವರನ್ನು ನಾವು ಜರೆಯುವುದಿಲ್ಲ. ಕಷ್ಟದಲ್ಲಿ ಮನಸ್ಸಿಗೆ ಆಸರೆ ಬೇಕು. ಆದರೆ ಹರಕೆಯ ಹೆಸರಿನಲ್ಲಿ ಮಾತ್ರೆ ಬಿಡಿಸುವವರ ಮಾತನ್ನು ಯಾವ ಭಕ್ತರೂ ಕೇಳಬಾರದೆಂದು ಸ್ಪಷ್ಟವಾಗಿ ಹೇಳುತ್ತೇವೆ. ಮಕ್ಕಳಿಗೆ ಸಂಬಂಧ ನೋಡುವಾಗ ‘ಮೂರ್ಛೆ ಇದೆಯೆ?’ ಎಂದು ಕೇಳುವುದು ತಪ್ಪಲ್ಲ. ಇದೆ ಎಂಬ ಉತ್ತರ ಬಂದಾಗ ಎದ್ದು ಹೋಗದೆ, ಎಷ್ಟು ವರ್ಷಗಳಿಂದ ಬಂದಿಲ್ಲ, ಯಾವ ಔಷಧ ನಡೆದಿದೆ, ವೈದ್ಯರು ಏನನ್ನುತ್ತಾರೆ ಎಂದು ಮುಂದಿನ ಮಾತನ್ನೂ ಕೇಳಿರಿ. ಆ ಮನೆಯವರು ನಿಮ್ಮನ್ನು ನಂಬಿ ನಿಜ ಹೇಳಿದ್ದಾರೆ. ಆ ನಂಬಿಕೆಗೆ ತಕ್ಕಂತೆ ನಡೆಯುವುದು ನಮ್ಮೆಲ್ಲರ ಹೊಣೆ.